ಇನ್ನೈವತ್ತು ವರ್ಷದ ನೆಲ

ಬಾರ್ಟ್ ರೈಲು ಹೋಯಿತು, ಡ್ರಾಯರಿನೊಳಗಿನ ಚಮಚಗಳು ಕಿಣಿಕಿಣಿ ಎಂದು ಸುಮ್ಮನಾದವು, ಎಷ್ಟು ವರ್ಷಗಳಿಂದ ಹೀಗೇ, ಇದು ಕಿವಿಗೆ ಬೀಳದಿದ್ದರೆ ಕನೀಜಳಿಗೆ ಬೆಳಗಾಯಿತೆಂದೇ ಅನ್ನಿಸುವುದಿಲ್ಲ — ಲಿವರ್‌ಮೋರಿನಲ್ಲಿ ಮಗ ಅರ್ಫಾತನ ಮನೆಯ ಚಮಚಗಳು ತುಟಿಪಿಟಿಕ್ ಎನ್ನುವುದಿಲ್ಲ, ಅಷ್ಟು ದೊಡ್ಡ ಮನೆ, ಕೆಳಗೇ ರೂಮು ಅಮ್ಮಿ, ರೂಮಿಗೇ ಬಾತ್‌ರೂಮು, ನೀವು ಮೆಟ್ಟಿಲು ಹತ್ತೋದೇ ಬೇಡ, ಆ ಲೀಸು ಎಕ್ಸ್‌ಟೆಂಡ್ ಮಾಡಬೇಡಿ, ನೆಲಾನೇ ನಮ್ದಲ್ಲ ಅಂದ್ಮೇಲೆ ಯಾಕೆ ಸೈನ್ ಹಾಕ್ತೀರ, ಬಂದ್ಬಿಡಿ ಇಲ್ಲಿಗೆ — ಒಳ್ಳೆಯ ಮಗ, ಹೇಳಿದ್ದರಲ್ಲಿ ತಪ್ಪೇನಿಲ್ಲ, ತಪ್ಪಿಲ್ಲದ ಮಾತನ್ನೆಲ್ಲ ಒಪ್ಪಿಕೊಳ್ಳಲೇಬೇಕೆಂದು ಎಲ್ಲಿದೆ, ಮೇಜಿನ ಮೇಲೆ ಕಾಗದ, ಕಾಗದದ ಮೇಲೆ ಪೆನ್ನು, ಪಕ್ಕದಲ್ಲಿ ಬಿಸ್ಕತ್ತಿನ ಚೂರು. ಫ್ಲಾಟು ಇವರದೇ, ಕೆಳಗಿನ ನೆಲ ಮಾತ್ರ ಒಂದು ಕಾಲಕ್ಕೆ ಇಲ್ಲಿ ವಾಲ್ನಟ್ ತೋಟ ಮಾಡಿಕೊಂಡಿದ್ದ ಮನೆತನದ್ದು, ಲೀಸು ಮುಗಿದ ದಿನ ಫ್ಲಾಟೂ ನೆಲದ ಜೊತೆ ಅವರಿಗೇ ಸೇರುತ್ತದೆ, ಬೇಕೆನ್ನುವವರು ಇವತ್ತು ಮಧ್ಯಾಹ್ನದೊಳಗೆ ಸಹಿ ಮಾಡಿದರೆ ಇನ್ನೂ ಐವತ್ತು ವರ್ಷ. ಚಹಾಕ್ಕೆ ಶುಂಠಿ ಜಜ್ಜುತ್ತ ಸಲೀಮ್ ಅಡುಗೆಮನೆಯಿಂದಲೇ — ಲೀಸಿನ್ಯಾಗ ಉಳಿದಿದ್ದ ಇಪ್ಪತ್ತು ವರ್ಷ ನಮಗ ಸಾಕಾಗೂದಿಲ್ಲೇನ ಕನೀಜ್, ಇನ್ನೈವತ್ತು ತಗೊಂಡು ಏನ್ ಮಾಡ್ತಿ, ನೀ ಹಾಕಿದ್ರ ನಾನೂ ಹಾಕ್ತೇನಿ ತಗೊ — ಮದುವೆಯಾದಾಗಿನಿಂದ ಗಂಡನದು ಇದೇ ಉಪಾಯ, ತೀರ್ಮಾನ ಅವಳದು, ಆಮೇಲಿನ ತಕರಾರು ಅವರದು. ಆದರೆ ಪ್ರಶ್ನೆ ಸರಿಯಾಗಿಯೇ ಇದೆ. ಇಪ್ಪತ್ತು ವರ್ಷ ಧಾರಾಳವಾಯಿತು, ಆಮೇಲಿನದನ್ನು ಯಾರಿಗಾಗಿ ಬೇಡಿಕೊಳ್ಳುವುದು, ಈ ಕಿಟಕಿಯಲ್ಲಿ ನಮ್ಮವರು ಯಾರೂ ನಿಲ್ಲದ ಒಂದು ದಿನ — ಅದನ್ನು ನೆನೆದರೆ ಎದೆ ಚುಳ್ ಎನ್ನುತ್ತದಲ್ಲ, ಅದಕ್ಕೇನು ಮಾಡುವುದು.

ಪಶ್ಚಿಮದ ಕಿಟಕಿಯ ಬಳಿ ಮೊಮ್ಮಗಳು ಹಫ್ಸಾ ಬೋರಲು ಮಲಗಿ ಬಣ್ಣ ಹಚ್ಚುತ್ತಿದ್ದಾಳೆ, ವಾರದ ಕೊನೆಗೆ ಇಲ್ಲೇ ಅವಳ ಬಿಡಾರ, ಕ್ರೇಯಾನುಗಳನ್ನು ಕಾರ್ಪೆಟ್ಟಿನ ಎರಡು ತಗ್ಗುಗಳಲ್ಲಿ ಜೋಡಿಸಿಕೊಂಡಿದ್ದಾಳೆ — ಅವು ಕನೀಜಳ ಅತ್ತೆಯ ಮಂಡಿಗಳ ತಗ್ಗು, ಮಗುವಿಗೇನು ಗೊತ್ತು, ಅತ್ತೆ ಲಕ್ಷ್ಮೇಶ್ವರದಿಂದ ಬಂದಾಗ ಮನೆಯೂ ಹೊಸದು ಕಾರ್ಪೆಟ್ಟೂ ಹೊಸದು, ಬಂದವರೇ ಪಶ್ಚಿಮಕ್ಕೆ ಜಾನಮಾಜ್ ಹಾಸಿ ನಮಾಜಿಗೆ ನಿಂತರು, ಊರಲ್ಲಿ ಪಶ್ಚಿಮ ಎಂದ ಮೇಲೆ ಇಲ್ಲೂ ಪಶ್ಚಿಮವೇ, ರೆಡ್‌ವುಡ್ ಸಿಟಿಯಲ್ಲಿ ಕೂತು ಕಂಪ್ಯೂಟರುಗಳಿಗೆ ಬುದ್ಧಿ ಹೇಳುತ್ತಿದ್ದ ಸಲೀಮರಿಗೂ ಹೊಳೆಯಲಿಲ್ಲ, ಅವಳಿಗೂ ಇಲ್ಲ, ಒಂದು ಚಳಿಗಾಲ ಪೂರ್ತಿ ಆ ಅಗಲವಾದ ಬೆನ್ನು, ಬಿಳಿ ದುಪಟ್ಟಾ, ಸಂಜೆಬಿಸಿಲಿಗೆ ಎದುರಾಗಿ ಬಾಗುವುದು ಏಳುವುದು. ಕೆಳಗಿನ ಮನೆಯ ಶಾರೀಕ್ ಹಜ್‌ನಿಂದ ತಂದ ಖರ್ಜೂರ ಕೊಡಲು ಬಂದವನು ಬಾಗಿಲಲ್ಲೇ ನಿಂತುಬಿಟ್ಟ, ನಮಾಜು ಮುಗಿಯುವವರೆಗೆ ಕಾದು, ಅಮ್ಮಾ, ಇಲ್ಲಿಂದ ಕಾಬಾ ಈಶಾನ್ಯಕ್ಕೆ ಬರುತ್ತೆ, ಆ ಕಡೆ ಬೆಟ್ಟ ದಾಟಿದ್ರೆ ಬರೀ ಸಮುದ್ರ — ಸಲೀಮರ ಮುಖ ಇಷ್ಟೇ ಇಷ್ಟಾಯಿತು, ಕನೀಜಳಿಗೆ ಅಳುವೇ ಬಂತು, ಒಂದು ಚಳಿಗಾಲದ ನಮಾಜೆಲ್ಲ ನೀರುಪಾಲು, ಅತ್ತೆ ಮಾತ್ರ ನಿಧಾನವಾಗಿ ಖರ್ಜೂರ ಚೀಪಿ, ಬೀಜ ಅಂಗೈಗೆ ಹಾಕಿಕೊಂಡು, ಭೂಮಿ ದುಂಡಗ ಐತಿ ಅಂತ ನೀವ ಅಲ್ಲೇನ ಹೇಳಾವ್ರು, ಸುತ್ತ ಹಾಕ್ಕೊಂಡು ಹೋಗಿ ಮುಟ್ಟಿರ್ತಾವ ತಗೊ, ಸ್ವಲ್ಪ ತಡಾ ಆಗಿರ್ತದ ಅಷ್ಟ. ಮುಂದಿನ ಹೊತ್ತಿಗೇ ಜಾನಮಾಜ್ ತಿರುಗಿತು, ಫ್ರಿಜ್ಜಿಗೆ ಎದುರಾಗಿ ನಿಲ್ಲಿಸಿದಿರಲ್ಲ ಎಂಬ ಗೊಣಗಾಟದೊಂದಿಗೆ, ಫ್ರಿಜ್ಜಿನ ಕಡೆಯ ತಗ್ಗು ವರ್ಷಗಟ್ಟಲೆ ಇಳಿದು ಆಳವಾಯಿತು, ಅತ್ತೆ ಈಗ ಲಿವರ್‌ಮೋರಿನ ಕಬ್ರಸ್ತಾನದಲ್ಲಿದ್ದಾರೆ, ನೋಡಿ ಅಮ್ಮಿ, ದಾದಿನೂ ನಮ್ಮನೆ ಹತ್ರಾನೇ, ಅನ್ನುತ್ತಾನೆ ಅರ್ಫಾತ್ — ಹತ್ತಿರವೇ, ಆದರೆ ಅತ್ತೆ ಮಂಡಿಯೂರಿದ್ದು ಇಲ್ಲಿ.

ಚಹಾ ಉಕ್ಕಿತು, ಸಲೀಮ್ ಯಾರನ್ನೋ ಬೈದುಕೊಂಡು ಒಲೆ ಒರೆಸುತ್ತಿದ್ದಾರೆ, ಕನೀಜಳಿಗೆ ಸುಮ್ಮನೆ ಸುಖವೆನಿಸುತ್ತದೆ, ಶುಂಠಿಯ ಘಮ, ಮಂಡಿಯ ಮೇಲೆ ಬಿಸಿಲು, ಹಫ್ಸಾ ತಲೆಯೆತ್ತದೆಯೇ ಅಜ್ಜಿಗೆ, ದಾದಿ, ಕೆನ್ ಐ ಲಿವ್ ಹಿಯರ್ ವೆನ್ ಐ ಆಮ್ ಓಲ್ಡ್ — ಹೂಂ ಕಂದ, ಅನ್ನುತ್ತಾಳೆ, ಮೊನ್ನೆ ಐಸ್‌ಕ್ರೀಮ್ ಅಂಗಡಿಯಲ್ಲೂ ಇದೇ ಪ್ರಶ್ನೆ ಕೇಳಿದ್ದಳು ಈ ಹುಡುಗಿ, ಇದನ್ನು ನಂಬಿ ಸಹಿ ಹಾಕುವಷ್ಟು ಮರುಳಲ್ಲ ಕನೀಜ್, ನಾಳೆ ಇವಳು ಎಲ್ಲಿರುತ್ತಾಳೋ, ಬಾಡಿಗೆಗೆ ಕೊಡುತ್ತಾಳೋ, ಮಾರುತ್ತಾಳೋ, ಬರಲಿ ಬರದಿರಲಿ, ಇತ್ತ ಕಡೆಯಿಂದ ಕಳಿಸುವುದನ್ನು ಕಳಿಸಿಬಿಡಬೇಕು, ಮುಟ್ಟುವುದು ಮುಟ್ಟುತ್ತದೆ, ಸ್ವಲ್ಪ ತಡಾ ಆಗಿರ್ತದ ಅಷ್ಟ — ಪೆನ್ನು ಕೈಯಲ್ಲಿದೆ, ಯಾವಾಗ ತೆಗೆದುಕೊಂಡಳೋ, ಕ ಅಲ್ಲ, ಇಂಗ್ಲಿಷಿನ ಕೆ, ಹೆಸರು ಮುಗಿಯಿತು, ಹಾಕೇ ಬಿಟ್ಟೇನ, ಅನ್ನುತ್ತ ಸಲೀಮ್ ಕಪ್ಪು ಇಟ್ಟು ಕನ್ನಡಕ ಹುಡುಕುತ್ತಾರೆ, ನಂದೂ ಎಲ್ಲಿ ಹಾಕೂದ ತೋರ್ಸು, ಅವಳು ತೋರಿಸುವುದನ್ನು ಮರೆತು ಕಿಟಕಿಯ ಕಡೆ ನೋಡುತ್ತಿದ್ದಾಳೆ — ಬಿಳಿ ದುಪಟ್ಟಾ, ಅಗಲವಾದ ಬೆನ್ನು, ಸಮುದ್ರದ ಕಡೆಗೆ ನಿಶ್ಚಿಂತೆಯಿಂದ ಬಾಗುತ್ತ, ಬಾಗುತ್ತ.