ಅತ್ತೆ ಮುಟ್ಟದ ಕುರ್ಚಿ

ನಮ್ಮ ಅತ್ತೆ ಯಾರ ಮನೆಗೇ ಹೋಗಲಿ, ತೋರಿಸಿದ ಕುರ್ಚಿಯಲ್ಲಿ ಒಡನೆಯೇ ಕೂತದ್ದನ್ನು ನಾನು ಕಂಡಿಲ್ಲ. ಮೊದಲು ಅದರ ಬೆನ್ನು ಹಿಡಿದು ಒಮ್ಮೆ ಅಲ್ಲಾಡಿಸುತ್ತಾರೆ. ಆಮೇಲೆ, ಮನೆಯವರು ಉಪಚಾರದ ಮಾತಾಡುತ್ತಿರುವಾಗಲೇ, ಅದನ್ನು ತಲೆಕೆಳಗಾಗಿ ಮಗುಚಿ, ಕನ್ನಡಕವನ್ನು ಹಣೆಗೇರಿಸಿಕೊಂಡು, ವೈದ್ಯರು ಗಂಟಲೊಳಗೆ ಇಣುಕುವ ಗಾಂಭೀರ್ಯದಿಂದ ಅದರ ಅಡಿಭಾಗವನ್ನು ಪರೀಕ್ಷಿಸುತ್ತಾರೆ. "ಮರ ಒಳ್ಳೇದೇ. ಪಾಪ, ಬಣ್ಣ ಮಾತ್ರ ಯಾರೋ ಸಿಟ್ಟಲ್ಲಿ ಬಳಿದಿದಾರೆ" ಎಂಬಂಥ ತೀರ್ಪು ಹೊರಬಿದ್ದ ಮೇಲೆಯೇ ಕುರ್ಚಿ ನೆಟ್ಟಗಾಗುವುದು, ಅತ್ತೆ ಕೂರುವುದು. ಒಮ್ಮೆ ಹಲ್ಲಿನ ಡಾಕ್ಟರ ಬಳಿ ಅವರ ಸರದಿ ಬಂದು ಹೆಸರು ಕೂಗಿದಾಗ ಅತ್ತೆ ಎಲ್ಲೂ ಕಾಣಿಸಲಿಲ್ಲ. ಕಾಯುವ ಕೋಣೆಯ ಉದ್ದನೆಯ ಬೆಂಚಿನ ಕೆಳಗಿನಿಂದ, "ಬಂದೆ ಬಂದೆ, ಒಂದು ಸ್ಕ್ರೂ ಬಾಕಿ ಇದೆ" ಎಂಬ ದನಿ ಮಾತ್ರ ಕೇಳಿಸಿತು.

ಅವರಿಗೆ ನಮ್ಮ ಕುಟುಂಬದಲ್ಲಿ 'ಉಪ್ಪುಕಾಗದ' ಎಂಬ ಅಡ್ಡಹೆಸರಿದೆ. ಮರ ಉಜ್ಜುವ ಆ ಒರಟು ಕಾಗದದ ತುಂಡೊಂದು ಅವರ ಕೋಟಿನ ಜೇಬಿನಲ್ಲಿ ಯಾವಾಗಲೂ ಇರುತ್ತದೆ. ಕರವಸ್ತ್ರವೆಂದು ಭಾವಿಸಿ ಅದರಿಂದಲೇ ಒಮ್ಮೆ ಮೂಗು ಒರೆಸಿಕೊಂಡದ್ದೂ ಉಂಟು. ಆ ಕೋಟಿನದೇ ಒಂದು ಚರಿತ್ರೆ. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಅಲ್ಲಿನ ಯಂತ್ರಗಳಿಗೆ ಸದಾ ತಣ್ಣನೆಯ ಗಾಳಿ ಬೇಕಾಗಿದ್ದುದರಿಂದ ಕೆಲಸದವರೆಲ್ಲ ಮೊಣಕಾಲಿನವರೆಗೆ ಇಳಿಯುವ ಬೂದುಬಣ್ಣದ ಕೋಟು ತೊಡುತ್ತಿದ್ದರು. ನಿವೃತ್ತಿಯ ದಿನ ಉಳಿದವರು ಹಾರ ತುರಾಯಿಗಳೊಂದಿಗೆ ಮನೆಗೆ ಹೋದರೆ ಅತ್ತೆ ಕೋಟಿನೊಂದಿಗೆ ಹೋದರು. ಅದರ ಬಲಗಡೆಯ ಜೇಬಿನಲ್ಲಿ ಸುತ್ತಿಗೆ, ಇಕ್ಕಳ, ಬಗೆಬಗೆಯ ಮೊಳೆಗಳು ಸಂಸಾರ ಹೂಡಿದ್ದರಿಂದ ಅತ್ತೆಯ ನಡಿಗೆ ಬಲಕ್ಕೆ ವಾಲಿತು. ಈಗ ಕೋಟು ಕಳಚಿಟ್ಟಾಗಲೂ ನಡಿಗೆ ವಾಲಿಯೇ ಇರುತ್ತದೆ.

ಎಕ್ಸ್‌ಚೇಂಜಿನಿಂದ ಅವರು ತಂದ ಇನ್ನೊಂದು ಆಸ್ತಿ "ಲೈನಲ್ಲಿರಿ" ಎಂಬ ಮಾತು. ಬಾಗಿಲಿಗೆ ಬಂದವರಿಗೆ, ಒಲೆಯ ಮೇಲಿನ ಹಾಲಿಗೆ, ಅಂಟು ಹಚ್ಚಿ ಒತ್ತಿ ಹಿಡಿದ ಮೇಜಿನ ಕಾಲಿಗೆ, ಅಳುವ ಮಗುವಿಗೆ, ಎಲ್ಲರಿಗೂ ಎಲ್ಲಕ್ಕೂ ಅದೊಂದೇ ಆಜ್ಞೆ. ಹಾಲು ಮಾತ್ರ ಎಂದೂ ಲೈನಿನಲ್ಲಿ ಇದ್ದದ್ದಿಲ್ಲ.

ಅವರ ಮನೆಯಲ್ಲಿ ಯಾವ ವಸ್ತುವಿಗೂ ಒಂದೇ ಜನ್ಮವಿರಲಿಲ್ಲ. ನಾನು ತೀರ ಚಿಕ್ಕವನಾಗಿದ್ದಾಗ ಯಾವ ಮಂಚದ ಮೇಲೆ ಮಲಗಿದ್ದೆನೋ ಅದೇ ಮುಂದೆ ಜಗಲಿಯ ಬೆಂಚಾಯಿತು, ಬೆಂಚು ಪುಸ್ತಕದ ಕಪಾಟಾಯಿತು, ಈಗ ಅದು ಹಿತ್ತಲಿನಲ್ಲಿ ಹೂಕುಂಡಗಳನ್ನು ಹೊತ್ತು ವಾನಪ್ರಸ್ಥದಲ್ಲಿದೆ. ಮರಗೆಲಸಕ್ಕೂ ಅಡುಗೆಗೂ ನಡುವೆ ಗಡಿಯೆಂಬುದು ಅವರಿಗೆ ಗೊತ್ತಿಲ್ಲ. ಒಂದು ಭಾನುವಾರ ಬೀರುವಿನ ದುಂಡನೆಯ ಮರದ ಹಿಡಿಗಳಿಗೆ ಕಂದು ವಾರ್ನಿಷ್ ಹಚ್ಚಿ, ದೂಳು ಕೂರದಿರಲಿ ಎಂದು ಅವನ್ನು ಟ್ರೇಯಲ್ಲಿ ಸಾಲಾಗಿ ಜೋಡಿಸಿ ಆರಿದ ಓವನ್ನಿನೊಳಗೆ ಇಟ್ಟಿದ್ದರು. ಬಿಸ್ಕತ್ತು ಮಾಡಲೆಂದು ಬಂದ ನಮ್ಮಮ್ಮ ಒಳಗೆ ನೋಡದೆ ಓವನ್ ಹೊತ್ತಿಸಿ ಹಿಟ್ಟು ಕಲಸುತ್ತ ಕೂತರು. ಸ್ವಲ್ಪ ಹೊತ್ತಿಗೆ ಟ್ರೇ ಹೊರಗೆ ಬಂತು. ಅತ್ತಿಗೆ ನಾದಿನಿಯರಿಬ್ಬರೂ ತಪ್ಪು ನಿನ್ನದು, ತನ್ನದಲ್ಲ ಎಂದು ವಾದಕ್ಕಿಳಿದಿದ್ದಾಗ, ಹಸಿದು ಬಂದ ನಮ್ಮಪ್ಪ ಒಂದನ್ನೆತ್ತಿ ಕಚ್ಚಿಯೇಬಿಟ್ಟರು. ಹೆಂಡತಿಯ ಅಡುಗೆಗೆ ಹೆಸರಿಡುವ ಪೈಕಿಯವರಲ್ಲ. ದವಡೆ ಸವರಿಕೊಂಡು, "ಚೆನ್ನಾಗಿದೆ. ಸ್ವಲ್ಪ ಗಟ್ಟಿಯಾಯ್ತೇನೋ" ಎಂದರು. ಹಲ್ಲಿನ ಗುರುತಿರುವ ಆ ಹಿಡಿ ಇವತ್ತಿಗೂ ಬೀರುವಿನ ಮೇಲಿದೆ. "ಅದು ನಮ್ಮಣ್ಣ ಹಾಕಿದ ಸಹಿ" ಎಂದು ಅತ್ತೆ ಬಂದವರಿಗೆಲ್ಲ ತೋರಿಸುತ್ತಾರೆ.

ಅವರೊಂದಿಗೆ ವಿಹಾರಕ್ಕೆ ಹೊರಡುವುದಕ್ಕೂ ಎದೆಗಾರಿಕೆ ಬೇಕು. ಕಣ್ಣು ಕೆರೆಯನ್ನೂ ನೋಡದು, ಗುಡ್ಡವನ್ನೂ ನೋಡದು. ದಾರಿಬದಿಯಲ್ಲಿ ಯಾರು ಏನನ್ನು ಎಸೆದಿದ್ದಾರೆಂದು ಹುಡುಕುತ್ತಿರುತ್ತದೆ. ಒಮ್ಮೆ ಹೀಗೆಯೇ ಕಾಲು ಮುರಿದ ಬೆತ್ತದ ಕುರ್ಚಿಯೊಂದು ಸಿಕ್ಕಿ, ಅದು ಕಾರಿನಲ್ಲಿ ಬಂತು, ನಾನೂ ನಮ್ಮಪ್ಪನೂ ಬಸ್ಸಿನಲ್ಲಿ ಬಂದೆವು.

ಇಷ್ಟೆಲ್ಲ ಉತ್ಪಾತಗಳ ನಡುವೆ ಆ ಮನೆಯಲ್ಲಿ ಒಂದೇ ಒಂದು ವಸ್ತು ಅವರ ಕೈಗೆ ಸಿಕ್ಕದೆ ಉಳಿದಿತ್ತು. ಅದು ಮಾವನ ಕುರ್ಚಿ.

ಅತ್ತೆಯ ಗಂಡನಾದ ನಮ್ಮ ಮಾವ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದವರು. ಹೋಟೆಲಿನ ತಿಂಡಿಪಟ್ಟಿಯಲ್ಲಿ ಒಂದು ದೀರ್ಘ ಬಿಟ್ಟುಹೋಗಿದ್ದರೂ ಅದನ್ನು ಕೆಂಪು ಪೆನ್ನಿನಿಂದ ಹಾಕಿದ ಮೇಲೆಯೇ ಚಹಾ ಗಂಟಲಲ್ಲಿ ಇಳಿಯುತ್ತಿತ್ತು. ಮಿತಭಾಷಿ. ಅವರು ಮೆಚ್ಚಿಗೆಯನ್ನು ಸೂಚಿಸುವ ಮಾತು ಒಂದೇ: "ಅಚ್ಚಿಗೆ ಹೋಗಬಹುದು." ಹೊಸ ಅಂಗಿಗೂ ಅದೇ, ಮಗಳು ಮೆಚ್ಚಿ ಕರೆತಂದ ಹುಡುಗನಿಗೂ ಅದೇ. ಭಾನುವಾರ ಅತ್ತೆಯ ಕೇಕು ಓವನ್ನಿನಿಂದ ಇಳಿದಾಗ ಮೊದಲ ತುಂಡು ಮಾವನ ಕುರ್ಚಿಗೆ ಹೋಗುತ್ತಿತ್ತು; ಅಲ್ಲಿಂದ ಆ ಮಾತು ಬರುವವರೆಗೆ ಉಳಿದ ಯಾರೂ ಕೈಹಾಕುವಂತಿರಲಿಲ್ಲ.

ಆ ಕುರ್ಚಿ ನೋಡಲು ಸುಂದರವೇನೂ ಅಲ್ಲ. ಮುದ್ರಣಾಲಯ ಮುಚ್ಚಿದಾಗ ಮಾವ ಹೊತ್ತು ತಂದದ್ದು. ತಗ್ಗಾದ ಕೂರುಮಣೆ, ಅಗಲವಾದ ತೋಳುಗಳು, ತೋಳಿನ ಮೇಲೆ ಕೆಂಪು ಶಾಯಿಯ ಕಲೆಗಳು. ಒರಗಿದರೆ ಕಿರ್ರೆಂದು ದೀರ್ಘವಾಗಿ ನರಳುತ್ತಿತ್ತು. ಆ ಶಬ್ದ ಕೇಳಿದರೆ ಸಾಕು, ಮಾವ ಕೂತರೆಂದು ತಿಳಿದು ಅತ್ತೆ ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಡುತ್ತಿದ್ದರು. ಕುರ್ಚಿ ಬಂದ ದಿನವೇ ಉಪ್ಪುಕಾಗದ ಹಿಡಿದು ಸಮೀಪಿಸಿದ ಹೆಂಡತಿಗೆ ಮಾವ, "ನೋಡು, ಈ ಮನೇಲಿ ನಾನು, ಈ ಕುರ್ಚಿ, ಇಬ್ಬರೂ ಇದ್ದ ಹಾಗೇ ಇರ್ತೀವಿ. ಮಾತು ಕೊಡು" ಎಂದರಂತೆ. ಅತ್ತೆ ಸ್ವಲ್ಪ ಯೋಚಿಸಿ, "ಆಯ್ತು, ಕುರ್ಚಿ ಮುಟ್ಟಲ್ಲ. ನಿಮ್ಮ ವಿಷಯ ಆಮೇಲೆ ನೋಡೋಣ" ಎಂದರಂತೆ. ಕೊಟ್ಟ ಮಾತನ್ನು ಅತ್ತೆ ಅಕ್ಷರಶಃ ಪಾಲಿಸಿದರು. ಕುರ್ಚಿಯ ದೂಳನ್ನು ಕೂಡ ಮಾವನೇ ಒರೆಸಿಕೊಳ್ಳಬೇಕಾಗಿತ್ತು.

ಹೀಗಿರುವಾಗ ಮಾವನ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಎಲ್ಲ ಸುಸೂತ್ರವಾಯಿತಾದರೂ ಇನ್ನು ಮುಂದೆ ತಗ್ಗಿನ ಆಸನದಲ್ಲಿ ಕೂರಲೇಬಾರದೆಂದು ಡಾಕ್ಟರು ಕಟ್ಟುನಿಟ್ಟು ಮಾಡಿದರು. ಮಗಳು ತಡಮಾಡದೆ ಎತ್ತರದ ಹೊಸ ಕುರ್ಚಿಯೊಂದನ್ನು ತಂದಿಟ್ಟಳು. ಮಾವ ಅದನ್ನೊಮ್ಮೆ ನೋಡಿ, "ಇದು ಬ್ಯಾಂಕಲ್ಲಿ ಟೋಕನ್ ಹಿಡ್ಕೊಂಡು ಕೂರೋಕೆ ಸರಿ" ಎಂದು ಒಳಗಿನ ಕೋಣೆಯ ಮಂಚ ಹಿಡಿದವರು ಹೊರಗೆ ಬರುವುದನ್ನೇ ಬಿಟ್ಟರು. ಕುರ್ಚಿಯ ಕಾಲು ಎತ್ತರಿಸೋಣವೆಂದು ಮಗಳು ಹೇಳಿದ್ದಕ್ಕೆ, "ನನ್ನ ಕಾಲು ಕೊಯ್ದದ್ದು ಸಾಕು, ಅದರದ್ದು ಬೇಡ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಭಾನುವಾರದ ಕೇಕು ಮಂಚಕ್ಕೆ ಹೋಯಿತು. "ಇಡು, ಆಮೇಲೆ ತಿಂತೀನಿ" ಎಂದರು. ತೀರ್ಪು ಬರಲಿಲ್ಲ. ನಾವು ಕೇಕು ತಿಂದೆವು ನಿಜ, ಆದರೆ ಅಪ್ಪಣೆಯಿಲ್ಲದೆ ತಿಂದ ಹಾಗಿತ್ತು.

ಒಂದು ಬೆಳಿಗ್ಗೆ ಹೋದಾಗ ಅತ್ತೆ ಆ ಕುರ್ಚಿಯ ಮುಂದೆ ನೆಲದ ಮೇಲೆ ಕೂತಿದ್ದರು, ಕೈಗಳೆರಡನ್ನೂ ಕೋಟಿನ ಜೇಬಿನಲ್ಲಿ ಹುದುಗಿಸಿಕೊಂಡು. ಮರದ ವಸ್ತುವಿನೆದುರು ಅವರ ಕೈ ಸುಮ್ಮನಿದ್ದದ್ದನ್ನು ಅದೇ ಮೊದಲು ಕಂಡೆ.

"ಮುಟ್ಟಿದರೆ ಮಾತು ಹೋಗುತ್ತೆ ಕಣೋ" ಎಂದರು ಅತ್ತೆ. "ಮುಟ್ಟದಿದ್ದರೆ ಮನುಷ್ಯರೇ ಮೂಲೆ ಸೇರ್ತಾರೆ."

"ಮುಟ್ಟಿದ್ದು ಗೊತ್ತಾಗದ ಹಾಗೆ ಮುಟ್ಟಿದರೆ?"

"ಅವರ ಕಣ್ಣು ಎಂಥದ್ದು ಅಂತ ಗೊತ್ತಲ್ಲ ನಿಂಗೆ. ಸಿಕ್ಕಿಬಿದ್ದರೆ ಮತ್ತೆ ಜನ್ಮದಲ್ಲಿ ಅದರಲ್ಲಿ ಕೂರಲ್ಲ ಅವರು" ಎಂದರು. ಆದರೆ ಹಾಗೆನ್ನುವಾಗಲೇ ಅವರ ಬಲಗೈ ಜೇಬಿನೊಳಗೆ ಚಡಪಡಿಸುತ್ತಿದ್ದುದು ಕಾಣುತ್ತಿತ್ತು.

ಮುಂದಿನ ಭಾನುವಾರ ಮಾವನನ್ನು ಕೆರೆಯ ದಂಡೆಗೆ ಕರೆದೊಯ್ಯುವ ಹೊಣೆ ನನ್ನದೂ ಅತ್ತೆಯ ಮಗಳದೂ ಆಯಿತು. ಗಾಳಿ ಸೇವನೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದಾರೆಂದು ಪುಸಲಾಯಿಸಿ ಕಾರು ಹತ್ತಿಸಿದೆವು. "ಅವಳು ಬರಲ್ವಾ?" ಎಂದು ಮಾವ ಹುಬ್ಬೇರಿಸಿದರು. "ಕೇಕಿಗೆ ಇಟ್ಟಿದೀನಿ, ನೀವು ಹೋಗಿ ಬನ್ನಿ" ಎಂದು ಅಡುಗೆಮನೆಯಿಂದಲೇ ಉತ್ತರ ಬಂತು. ವಿಹಾರವೆಂದರೆ ಚಪ್ಪಲಿ ಮೆಟ್ಟಿ ಎಲ್ಲರಿಗಿಂತ ಮುಂಚೆ ಗೇಟಿನಲ್ಲಿ ನಿಲ್ಲುವ ಹೆಂಗಸು ಕೇಕಿನ ನೆಪ ಹೇಳಿದ್ದು ಕರಡು ತಿದ್ದುವವರಿಗೆ ಅನುಮಾನ ಹುಟ್ಟಿಸದೆ ಇರಲು ಸಾಧ್ಯವೇ? ಆದರೂ ಮಾವ ಕಾರಿನ ಬಾಗಿಲನ್ನು ತಾವೇ ಎಳೆದು ಮುಚ್ಚಿಕೊಂಡರು.

ಕೆರೆಯ ದಂಡೆಯ ಎತ್ತರದ ಕಲ್ಲುಬೆಂಚಿನ ಮೇಲೆ ಮಾವ, ಅವರ ಅಕ್ಕಪಕ್ಕ ನಾವಿಬ್ಬರು ಕಾವಲುಗಾರರು. ಬಾತುಕೋಳಿಗಳನ್ನು ನೋಡಿದೆವು, ಬಾತುಕೋಳಿಗಳೂ ನಮ್ಮನ್ನು ನೋಡಿ ನೋಡಿ ಬೇಸತ್ತವು. ಮಾವ ಏಳೋಣವೇ ಎಂದಾಗಲೆಲ್ಲ ನಾನು ಸ್ವಲ್ಪ ದೂರ ಹೋಗಿ ಅತ್ತೆಗೆ ಫೋನು ಮಾಡುತ್ತಿದ್ದೆ. ಅತ್ತ ಕಡೆಯಿಂದ ಸುತ್ತಿಗೆಯ ಸದ್ದಿನ ನಡುವೆ ಒಂದೇ ಉತ್ತರ: "ಇನ್ನೂ ಸ್ವಲ್ಪ ಲೈನಲ್ಲಿರಿ!"

ಅಲ್ಲಿ ನಡೆದದ್ದನ್ನು ಅತ್ತೆ ಆಮೇಲೆ ನನಗೆ ಹೇಳಿದರು. ಕಾಲುಗಳಿಗೆ ಅದೇ ಜಾತಿಯ ಮರದ ತುಂಡುಗಳನ್ನು ಬೆಸೆದು ಎತ್ತರಿಸುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಕಷ್ಟವಿದ್ದದ್ದು ಹೊಸ ಮರಕ್ಕೆ ವಯಸ್ಸು ತರಿಸುವುದರಲ್ಲಿ. ಜೀವಮಾನವೆಲ್ಲ ಹಳತನ್ನು ಹೊಸದು ಮಾಡಿದ ಕೈ ಅಂದು ಚಹಾದ ಕಡುಕಷಾಯ ಬಳಿದು, ಬೂಟ್ ಪಾಲಿಶ್ ತಿಕ್ಕಿ, ಮೊಳೆಯಿಂದ ಅಲ್ಲಲ್ಲಿ ಗೀರಿ, ಹೊಸದನ್ನು ಹಳತು ಮಾಡಿತು. ಮಾವ ಕನ್ನಡಕವಿಡುವ ಪಕ್ಕದ ಸ್ಟೂಲನ್ನೂ, ಕೈ ಚಾಚಿದರೆ ಎಲ್ಲಿ ಸಿಗಬೇಕೋ ಅಲ್ಲೇ ಸಿಗುವಂತೆ ಅಷ್ಟೇ ಎತ್ತರಿಸಿದರು. ಎಲ್ಲ ಮುಗಿದು ಕೂತು ನೋಡಿದರೆ ಕುರ್ಚಿ ಮೂಕವಾಗಿತ್ತು! ಕಾಲು ಭದ್ರವಾದ ಮೇಲೆ ಆ ಕಿರ್ರೆಂಬ ಶಬ್ದ ಮಾಯವಾಗಿತ್ತು. ಊರಿನ ಕುರ್ಚಿಗಳ ನರಳಾಟವನ್ನೆಲ್ಲ ನಿಲ್ಲಿಸಿದವರು ನೆಲದ ಮೇಲೆ ಅಂಗಾತ ಮಲಗಿ, ಒಂದೊಂದೇ ಸ್ಕ್ರೂವನ್ನು ಸಡಿಲಿಸಿ, ಬಿಗಿದು, ಮತ್ತೆ ಸಡಿಲಿಸಿ, ಕಳೆದುಹೋದ ಆ ಒಂದು ನರಳಿಕೆಗಾಗಿ ಹುಡುಕಾಡಿದರು. ಕೊನೆಗೆ ಅದು ಸಿಕ್ಕಿದಾಗ ಕಣ್ಣಲ್ಲಿ ನೀರು ಬಂತಂತೆ. ನೀರಿನೊಂದಿಗೆ ಹೊಗೆಯೂ ಬಂದದ್ದರಿಂದಲೇ ಅವರಿಗೆ ಓವನ್ನಿನ ನೆನಪಾದದ್ದು.

ನಾವು ಮನೆಗೆ ಬಂದಾಗ ಕಿಟಕಿಗಳೆಲ್ಲ ತೆರೆದಿದ್ದವು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿಕೊಂಡು, ಫಲಿತಾಂಶಕ್ಕೆ ಕಾದ ವಿದ್ಯಾರ್ಥಿಯಂತೆ ನಿಂತಿದ್ದರು. ಕೋಲೂರಿಕೊಂಡು ನಡುಮನೆಗೆ ಬಂದ ಮಾವ ಕೋಣೆಯ ಕಡೆ ತಿರುಗುವವರಿದ್ದರು; ಯಾಕೋ ನಿಂತರು. ಕುರ್ಚಿಯನ್ನು ನೋಡಿದರು. ಅತ್ತೆಯನ್ನು ನೋಡಿದರು. ನಾನಂತೂ ಗೋಡೆಯ ಗಡಿಯಾರವನ್ನು ನೋಡುತ್ತಿದ್ದೆ.

"ಕಾಲು ಸೋತಿದೆ, ಒಂದು ಗಳಿಗೆ ಕೂತು ಹೋಗ್ತೀನಿ" ಎಂದು ಮಾವ ಮೆಲ್ಲನೆ ಕುರ್ಚಿಯ ತೋಳು ಹಿಡಿದು ಕೂತು ಬೆನ್ನೊರಗಿಸಿದರು. ಕಿರ್ರ್ ಎಂದಿತು ಕುರ್ಚಿ. ಅಭ್ಯಾಸಬಲದಿಂದ ಅತ್ತೆಯ ಪಾದ ಚಹಾದ ನೀರಿನ ಕಡೆಗೆ ತಾನಾಗಿಯೇ ತಿರುಗಿತು. ಮಾವ ಕನ್ನಡಕ ತೆಗೆದು, ನೋಡದೆ ಕೈಚಾಚಿ, ಸ್ಟೂಲಿನ ಮೇಲಿಟ್ಟರು. ಸಿಕ್ಕಿತು. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಮಾವ ಕನ್ನಡಕವನ್ನು ಮತ್ತೆ ಏರಿಸಿಕೊಂಡು, ಕಿಟಕಿಯ ಕಡೆ ಕತ್ತು ನೀಡಿದರು.

"ಎದುರುಮನೆಯವರ ಗಿಡ ಹೂಬಿಟ್ಟಿದೆ" ಎಂದರು. "ಇಲ್ಲಿ ಕೂತು ಇಷ್ಟು ವರ್ಷವಾಯ್ತು, ಕಿಟಕಿ ಕಟ್ಟೆ ಬಿಟ್ಟು ಆಚೆಗೆ ಏನೂ ಕಂಡಿರಲಿಲ್ಲ."

ಅತ್ತೆಯ ಮುಖ ಬಿಳಿಚಿತು. ಎಲ್ಲವನ್ನೂ ಯೋಚಿಸಿದವರು ಕಿಟಕಿಯೊಂದನ್ನು ಮರೆತಿದ್ದರು. ಅದನ್ನೂ ಎತ್ತರಿಸಲು ಹೊತ್ತು ಸಾಲದಾಗಿತ್ತೆಂದು ನಾವು ಈಗ ಅವರನ್ನು ಕಾಡುತ್ತೇವೆ. ಆದರೆ ಆಗ ಯಾರಿಗೂ ನಗು ಬರಲಿಲ್ಲ.

"ಕೇಕು ಎಲ್ಲಿ?" ಎಂದರು ಮಾವ.

"ಸ್ವಲ್ಪ ಸೀದಿದೆ ಕಣ್ರೀ" ಎಂದು ಅತ್ತೆ ತಂದರು. ಸ್ವಲ್ಪವೆಂಬುದು ದಾಕ್ಷಿಣ್ಯದ ಮಾತು. ಅದು ಇದ್ದಿಲಿನ ಹತ್ತಿರದ ನೆಂಟನಾಗಿತ್ತು. ಒಂದು ಅಲ್ಪವಿರಾಮದ ಲೋಪವನ್ನೂ ಕ್ಷಮಿಸದ ಮಾವ ಆ ಕರಿತುಂಡನ್ನು ನಿಧಾನವಾಗಿ, ಪೂರ್ತಿಯಾಗಿ ತಿಂದರು. ತಿಂದು, ಕುರ್ಚಿಯ ತೋಳಿನ ಮೇಲೆ ಅಂಗೈಯಿಂದ ಮೃದುವಾಗಿ ತಟ್ಟಿ, ಹೆಂಡತಿಯ ಮುಖವನ್ನೇ ನೋಡುತ್ತ ಹೇಳಿದರು:

"ಅಚ್ಚಿಗೆ ಹೋಗಬಹುದು."

ಅತ್ತೆ ಥಟ್ಟನೆ ಬೆನ್ನು ತಿರುಗಿಸಿ, "ಲೈನಲ್ಲಿರಿ, ಚಹಾ ತರ್ತೀನಿ" ಎನ್ನುತ್ತ ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಒಂದು ಸ್ಟೂಲಿಗೆ ಬಣ್ಣ ಬಳಿದರೂ ಬೀದಿಗೆಲ್ಲ ಕರೆದು ತೋರಿಸುವ ಅತ್ತೆ ತಮ್ಮ ಅತ್ಯುತ್ತಮವಾದ ಕೆಲಸವನ್ನು ಇಂದಿಗೂ ಯಾರಿಗೂ ತೋರಿಸಿಲ್ಲ. ಕೇಳಿದರೆ, "ಆ ಕುರ್ಚಿನಾ? ನಾನು ಮುಟ್ಟೇ ಇಲ್ಲ" ಎನ್ನುತ್ತಾರೆ. ಕುರ್ಚಿಯಲ್ಲಿ ಕೂತ ಮಾವ, "ಹೌದು, ಮುಟ್ಟಿಲ್ಲ" ಎಂದು ಗಂಭೀರವಾಗಿ ಸಾಕ್ಷಿ ನುಡಿದು, ಹೂಬಿಟ್ಟ ಗಿಡದ ಕಡೆ ನೋಡುತ್ತಾರೆ.

ಯಾವುದನ್ನೂ ಇದ್ದ ಹಾಗೆ ಬಿಡಲಾರದವರು ಎಂದು ಇಂಥವರನ್ನು ನಾವು ಗೇಲಿ ಮಾಡುತ್ತೇವೆ. ಅವರ ಕೈಯ ಚಪಲಕ್ಕೆ ನಮ್ಮ ಮಂಚ ಬೀರುಗಳನ್ನು ಬಲಿಕೊಟ್ಟೆವೆಂದು ಗೊಣಗುತ್ತೇವೆ. ಆದರೆ ಬಹುಶಃ ಪ್ರತಿ ಮನೆಯಲ್ಲೂ ಇಂಥವರೊಬ್ಬರು ಜೇಬಿನಲ್ಲಿ ಉಪ್ಪುಕಾಗದವಿಟ್ಟುಕೊಂಡು ಓಡಾಡುತ್ತಿರುತ್ತಾರೆ. ನಾವು ಮುದುಕರಾಗುತ್ತೇವೆ, ಮೊಣಕಾಲುಗಳು ಸೋಲುತ್ತವೆ, ಆದರೂ ಮನೆಯಲ್ಲಿ ಏನೂ ಬದಲಾಗಿಲ್ಲವೆಂದುಕೊಂಡು ಹಾಯಾಗಿ ಬೆನ್ನೊರಗಿಸುತ್ತೇವೆ. ಹಾಗೆ ಒರಗಲು ಸಾಧ್ಯವಾಗುವುದು, ನಾವು ಕೆರೆಯ ದಂಡೆಯಲ್ಲಿ ಬಾತುಕೋಳಿ ನೋಡುತ್ತಿದ್ದ ಹೊತ್ತಿನಲ್ಲಿ, ತಮ್ಮ ಕೇಕು ಸೀದರೂ ಸರಿಯೆಂದು ಅವರು ನಮ್ಮ ಕುರ್ಚಿಯನ್ನು ಸದ್ದಿಲ್ಲದೆ ಒಂದಿಷ್ಟು ಎತ್ತರಿಸಿಟ್ಟಿರುವುದರಿಂದ.