ಸದರಿ ಕೊಠಡಿಯ ವಿಚಾರಣೆ

ನಗರಸಭೆ ನೌಕರರ ಸಂಘದ ಕಾರ್ಯದರ್ಶಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು, ಆದರೆ ಅದು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಊರಿಗೆಲ್ಲ ಅವನು ಧಿಕ್ಕಾರಣ್ಣ. ಗೇಟಿನ ಮುಂದೆ ನಿಂತು ಮುಷ್ಟಿ ಎತ್ತಿ ‘ಧಿಕ್ಕಾರ!’ ಎಂದು ಕೂಗಿದನೆಂದರೆ ಎದುರಿನ ಮರದ ಕಾಗೆಗಳೆಲ್ಲ ಎದ್ದು ಹಾರುತ್ತಿದ್ದವು. ಅದೇ ಧಿಕ್ಕಾರಣ್ಣ ಕಮಿಷನರ್ ಸಾಹೇಬರ ಕೋಣೆಗೆ ಕಾಲಿಟ್ಟನೋ, ದನಿ ಬೆಣ್ಣೆಯಂತಾಗಿ ‘ಸಾರ್, ಒಂಚೂರು ನೋಡಿ ಸಾರ್’ ಎಂಬಲ್ಲಿಗೆ ಇಳಿಯುತ್ತಿತ್ತು. ಇದು ಕಾಗೆಗಳಿಗೆ ಗೊತ್ತಿರಲಿಲ್ಲ. ಅವನ ಅತ್ತಿಗೆಗೆ ಚೆನ್ನಾಗಿ ಗೊತ್ತಿತ್ತು.

ಅತ್ತಿಗೆಯೂ ಅದೇ ನಗರಸಭೆಯವಳು. ಗಂಡ ತೀರಿಕೊಂಡ ಮೇಲೆ ಬೀದಿ ಗುಡಿಸುವ ಕೆಲಸಕ್ಕೆ ಸೇರಿ, ಆಗಿನ್ನೂ ಚಡ್ಡಿ ಹಾಕುತ್ತಿದ್ದ ಮೈದುನನನ್ನು ಓದಿಸಿ, ಮನೆಮನೆಯ ನೀರಿನ ಮೀಟರ್ ನೋಡಿ ಬರುವ ಕೆಲಸ ಕೊಡಿಸಿದ್ದಳು. ಮದುವೆಯನ್ನೂ ಮಾಡಿಸಬೇಕೆಂದು ಹೊರಟು, ಇಂಥ ಗಂಟಲಿನವನಿಗೆ ಯಾರೂ ಹೆಣ್ಣು ಕೊಡದೆ ಸೋತಿದ್ದಳು. ಇನ್ನು ಕೆಲವೇ ತಿಂಗಳಲ್ಲಿ ನಿವೃತ್ತಿಯಾಗಿ ಪಿಂಚಣಿ ಹಿಡಿದು ಕಾಲು ಚಾಚಿ ಕೂರಬೇಕಿದ್ದವಳು ಈಗ ಅಮಾನತಾಗಿ ಮನೆಯಲ್ಲಿ ಕೂತಿದ್ದಳು. ವಿಚಾರಣೆಯಲ್ಲಿ ತಪ್ಪಿತಸ್ಥಳೆಂದಾದರೆ ಕೆಲಸವೂ ಇಲ್ಲ, ಪಿಂಚಣಿಯೂ ಇಲ್ಲ.

ನಡೆದದ್ದು ಇಷ್ಟೇ. ಬೀದಿ ಗುಡಿಸುವ ಹೆಂಗಸರು ಬೆಳಕು ಹರಿಯುವ ಮೊದಲೇ ಕಚೇರಿಗೆ ಬಂದು ಹಾಜರಿ ಹಾಕಿ, ಪೊರಕೆ ಗಾಡಿ ತೆಗೆದುಕೊಂಡು ಹೋಗಬೇಕು. ಅವರಿಗೆಂದು ಕೆಳಗಿನ ಮಹಡಿಯಲ್ಲಿ ಒಂದು ಶೌಚಾಲಯವಿದೆ. ಅದರ ಬಾಗಿಲಿಗೊಂದು ಬೀಗ, ಬೀಗದ ಮೇಲೆ ‘ದುರಸ್ತಿಯಲ್ಲಿದೆ’ ಎಂಬ ಹಲಗೆ. ಆ ದುರಸ್ತಿ ಯಾವಾಗ ಶುರುವಾಯಿತೋ ದೇವರೇ ಬಲ್ಲ. ಸಂಘ ಪ್ರತಿ ವರ್ಷ ಬೇಡಿಕೆ ಇಡುತ್ತಿತ್ತು, ಸಾಹೇಬರು ಪ್ರತಿ ವರ್ಷ ‘ಪರಿಶೀಲಿಸೋಣ’ ಅನ್ನುತ್ತಿದ್ದರು, ಧಿಕ್ಕಾರಣ್ಣ ಪ್ರತಿ ವರ್ಷ ‘ಆಗ್ಲಿ ಸಾರ್’ ಎಂದು ಹೊರಬಂದು ಗೇಟಿನಲ್ಲಿ ಕಾಗೆ ಹಾರಿಸುತ್ತಿದ್ದ.

ಒಂದು ಬೆಳಿಗ್ಗೆ ಅತ್ತಿಗೆಗೆ ಹೊಟ್ಟೆ ಕೆಟ್ಟಿತು. ತಡೆಯುವಷ್ಟು ತಡೆದಳು, ಆಗಲಿಲ್ಲ, ಮೆಟ್ಟಿಲು ಹತ್ತಿದಳು. ಮೇಲಿನ ಮಹಡಿಯಲ್ಲಿ ಸಾಹೇಬರ ಕೋಣೆಯನ್ನು ಒರೆಸಲೆಂದು ಬಾಗಿಲು ತೆರೆದಿಟ್ಟಿದ್ದರು. ಅದರೊಳಗೇ ಸಾಹೇಬರ ಸ್ವಂತ ಶೌಚಾಲಯ. ಬಿಳಿ ಟೈಲ್ಸು, ಆಳೆತ್ತರದ ಕನ್ನಡಿ, ಬಿಸಿನೀರು. ಅತ್ತಿಗೆ ಹಿಂದೆ ಮುಂದೆ ನೋಡದೆ ನುಗ್ಗಿ ಚಿಲಕ ಹಾಕಿಕೊಂಡಳು.

ಎಂದೂ ಹೊತ್ತಿಗೆ ಸರಿಯಾಗಿ ಬಾರದ ಸಾಹೇಬರು ಅಂದೇ ಬೇಗ ಬರಬೇಕೇ! ಬಂದವರಿಗೂ ಅವಸರವೇ ಇತ್ತು. ಬಾಗಿಲು ಬಡಿದರು. ಒಳಗಿನಿಂದ ‘ಇದೀವಿ, ಇದೀವಿ’ ಎಂಬ ಉತ್ತರ ಬಂತು. ಸಾಹೇಬರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ಕಾದರು. ಕೊನೆಗೊಮ್ಮೆ ಅತ್ತಿಗೆ ನಿಧಾನವಾಗಿ ಹೊರಬಂದು, ಕೈ ಮೂಸಿ ನೋಡಿಕೊಂಡು, “ಸೋಪು ಬಾಳ ಚೆನ್ನಾಗಿದೆ ಸಾಹೇಬ್ರೆ” ಅಂದಳು. ಅಷ್ಟು ಅನ್ನದಿದ್ದರೆ ಬಹುಶಃ ಬೈಗುಳದಲ್ಲೇ ಮುಗಿಯುತ್ತಿತ್ತು.

ಸಂಜೆಯೊಳಗೆ ಆರೋಪಪಟ್ಟಿ ಕೈಸೇರಿತು. ಸಾಹೇಬರು ಸಭ್ಯಸ್ಥರು. ಶೌಚಾಲಯ ಎಂಬ ಮಾತನ್ನು ಸರ್ಕಾರಿ ಕಾಗದದ ಮೇಲೆ ಬರೆಯಲು ಅವರ ಲೇಖನಿ ಏಳಲಿಲ್ಲ. ಹಾಗಾಗಿ ‘ಸದರಿ ಕೊಠಡಿಗೆ ಅತಿಕ್ರಮ ಪ್ರವೇಶ, ಸದರಿ ಕೊಠಡಿಯಲ್ಲಿ ಅಗತ್ಯಕ್ಕಿಂತ ಹೆಚ್ಚು ಹೊತ್ತು ವಾಸ, ಮೇಲಧಿಕಾರಿಯ ಕರ್ತವ್ಯಕ್ಕೆ ಅಡ್ಡಿ’ ಎಂದು ಬರೆಸಿದ್ದರು. ಯಾವ ಕರ್ತವ್ಯ ಎಂಬುದನ್ನು ಮಾತ್ರ ಬರೆಸಿರಲಿಲ್ಲ.

ಸಂಘದ ಸಭೆ ಸೇರಿತು. “ನಮ್ಮ ಪರ ಸಾಕ್ಷಿ ಹೇಳೋಕೆ ಯಾರು ಬರ್ತೀರಾ?” ಎಂದು ಧಿಕ್ಕಾರಣ್ಣ ಕೇಳಿದ. ಇಬ್ಬರೋ ಮೂವರೋ ಕೈಯೆತ್ತುತ್ತಾರೆ ಎಂದುಕೊಂಡಿದ್ದ. ಎತ್ತದ ಕೈಯೇ ಇರಲಿಲ್ಲ. ಅಂದು ಬೆಳಿಗ್ಗೆ ಕಚೇರಿಯ ಹತ್ತಿರವೂ ಇಲ್ಲದಿದ್ದವರು, ರಜೆಯಲ್ಲಿದ್ದವರು ಎಲ್ಲರೂ ಸಾಕ್ಷಿಗಳೇ.

“ಇಷ್ಟು ಜನ ಬೇಡ್ರಮ್ಮಾ, ಸ್ವಲ್ಪ ಜನ ಸಾಕು” ಎಂದು ಬೇಡಿಕೊಂಡ.

“ಯಾರನ್ನ ಬಿಡ್ತೀಯಾ, ಹೇಳು ನೋಡೋಣ” ಎಂದಳು ಸಿಳ್ಳೆ. ಸಿಳ್ಳೆಯೆಂದರೆ ಕಸದ ಗಾಡಿಯವಳು, ಗಂಡಸರನ್ನೂ ನಾಚಿಸುವಂತೆ ಸಿಳ್ಳೆ ಹಾಕುವವಳು. “ನಾನೇನು ಚಂದಾ ಕಟ್ಟಿಲ್ವಾ? ಇವಳು ಕಟ್ಟಿಲ್ವಾ? ಮುಂದಿನ ತಿಂಗ್ಳು ಸಂಘದ ಚುನಾವಣೆ ಇದೆ, ನೆನಪಿದ್ಯಾ?”

ನೆನಪಿತ್ತು. ಧಿಕ್ಕಾರಣ್ಣ ತೆಪ್ಪಗೆ ಎಲ್ಲರ ಹೆಸರನ್ನೂ ಬರೆದು ಕೊಟ್ಟ. ಕೊಟ್ಟ ಮೇಲೆ ಚಿಂತೆ ಹತ್ತಿತು. ವಿಚಾರಣೆ ಮಾಡುವವರಿಗೆ ಈ ಜಾತ್ರೆ ನೋಡಿ ಸಿಟ್ಟು ಬಂದರೆ ಅತ್ತಿಗೆಯ ಗತಿ? ಊಟದ ಹೊತ್ತಿಗೆ ಅವನು ಮೆಲ್ಲಗೆ ಬಾಯಿಬಿಟ್ಟ. “ಅತ್ತಿಗೆ, ತಪ್ಪಾಯ್ತು ಅಂತ ಒಂದು ಮಾತು ಅಂದ್ಬಿಡು. ಸಾಹೇಬ್ರು ಕರಗ್ತಾರೆ.”

ಅತ್ತಿಗೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಹಾಕಿದಳು. “ಹೊಟ್ಟೆ ಕೆಟ್ಟಿದ್ದು ತಪ್ಪಾ? ಬೀಗ ಹಾಕಿದ್ದು ತಪ್ಪಾ? ಅದನ್ನ ಹೇಳ್ಬಿಡು, ಆಮೇಲೆ ಕ್ಷಮೆ ಕೇಳ್ತೀನಿ.”

ಅಂದು ಎರಡನೇ ಸಲ ಬಡಿಸುವವರು ಇರಲಿಲ್ಲ.

ವಿಚಾರಣೆಗೆ ಬೇರೆ ಇಲಾಖೆಯಿಂದ ಬಂದವರು ರೂಲ್ಸ್ ತಾತ. ಮೊಮ್ಮಕ್ಕಳನ್ನು ಮುದ್ದಿಸುವ ಹಾಗೆ ನಿಯಮಗಳನ್ನು ಮುದ್ದಿಸುವ ಮನುಷ್ಯ, ಯಾರ ಮುಖವನ್ನೂ ನೋಡುವವರಲ್ಲ. ಸಾಹೇಬರ ಕೋಣೆಯಲ್ಲೇ ಮೇಜು ಹಾಕಿಸಿಕೊಂಡು, ಕನ್ನಡಕ ಒರೆಸಿ, ಆರೋಪಪಟ್ಟಿ ಓದಿದರು. ದೂರುದಾರರಾದ ಸಾಹೇಬರು ಪಕ್ಕದಲ್ಲಿ ಕೂತು ಚಹಾ ಹೀರುತ್ತಿದ್ದರು. ಮುಗಿಯುವವರೆಗೂ ಅವರು ಅಲ್ಲಿರಲೇಬೇಕೆಂಬುದು ನಿಯಮ.

“ಸದರಿ ಕೊಠಡಿ ಅಂದ್ರೆ ಯಾವ್ದು?” ಎಂದರು ರೂಲ್ಸ್ ತಾತ.

“ಅದೇ... ಸದರಿ ಕೊಠಡಿ” ಎಂದರು ಸಾಹೇಬರು.

“ಅದೇ ಅಂದ್ರೆ?”

“ಒಳಗಡೆ ಇದ್ಯಲ್ಲ, ಅದು.”

“ಕಾಗದದಲ್ಲಿ ಇಲ್ವಲ್ಲಾ. ದಾಸ್ತಾನು ಕೊಠಡಿಯೋ ವಿಶ್ರಾಂತಿ ಕೊಠಡಿಯೋ ನಂಗೆ ಹೇಗೆ ಗೊತ್ತಾಗ್ಬೇಕು? ಸ್ಥಳ ಪರಿಶೀಲನೆ ಆಗ್ಬೇಕು.” ತಾತ ಎದ್ದು ಹೋಗಿ ನೋಡಿ ಬಂದು, ಗಂಭೀರವಾಗಿ ಬರೆದುಕೊಂಡರು. “ಪರಿಶೀಲನೆ ಪೂರ್ತಿ ಮುಗಿಯೋ ತನಕ ದೂರುದಾರರು ಸ್ಥಳಕ್ಕೆ ಹೋಗೋ ಹಾಗಿಲ್ಲ. ಸಾಕ್ಷ್ಯ ಕೆಡುತ್ತೆ.”

ಸಾಹೇಬರು ನಕ್ಕು, ಇನ್ನೊಂದು ಚಹಾ ತರಿಸಿಕೊಂಡರು.

ಸಾಕ್ಷಿಗಳ ಸರದಿ ಬಂತು. ಮೊದಲು ನಿಂತವಳು ಸಿಳ್ಳೆ. ಧಿಕ್ಕಾರಣ್ಣ ಕಣ್ಣಲ್ಲೇ ‘ಬಾಯಿ ಹಿಡಿತದಲ್ಲಿರಲಿ ತಾಯಿ’ ಎಂದು ಕೈಮುಗಿದ. ಅವಳು ಅವನತ್ತ ನೋಡಲೇ ಇಲ್ಲ.

“ಸಾರ್, ನಮ್ಮಕ್ಕ ಅಗತ್ಯಕ್ಕಿಂತ ಹೆಚ್ಚು ಹೊತ್ತು ಇದ್ಲು ಅಂತ ಬರ್ದಿದಾರೆ. ಎಷ್ಟು ಹೊತ್ತು ಅಗತ್ಯ ಅಂತ ನಾವು ಹೇಳ್ಬೇಕಲ್ವಾ? ಆ ಜಾಗನೇ ನೋಡ್ದೆ ಹೇಳಿದ್ರೆ ಸುಳ್ಳು ಸಾಕ್ಷಿ ಆಗಲ್ವಾ ಸಾರ್?”

ರೂಲ್ಸ್ ತಾತನ ಮುಖ ಅರಳಿತು. ಇಷ್ಟು ವರ್ಷದ ನೌಕರಿಯಲ್ಲಿ ಸಾಕ್ಷಿಯೊಬ್ಬಳು ತಾನಾಗಿ ನಿಯಮ ಕೇಳಿದ್ದು ಇದೇ ಮೊದಲು. “ಆಗುತ್ತೆ! ಖಂಡಿತ ಆಗುತ್ತೆ. ಎಲ್ಲ ಸಾಕ್ಷಿಗಳೂ ನೋಡ್ಬೇಕು. ಒಬ್ಬೊಬ್ರೇ ಹೋಗಿ. ಒಬ್ರ ಅಭಿಪ್ರಾಯ ಇನ್ನೊಬ್ರಿಗೆ ಅಂಟಬಾರ್ದು.”

“ಚಿಲಕ ಹಾಕ್ಕೊಳ್ಳೋದಾ ಸಾರ್?”

“ಘಟನೆ ನಡೆದಾಗ ಚಿಲಕ ಹಾಕಿತ್ತಾ?”

“ಹಾಕಿತ್ತು ಸಾರ್.”

“ಹಾಗಾದ್ರೆ ಹಾಕಿ.”

ಸಿಳ್ಳೆ ಒಳಹೋದಳು. ಚಿಲಕ ಬಿತ್ತು. ಆಮೇಲೆ ನೀರು ಸುರಿಯುವ ಸದ್ದು, ಅದರ ಹಿಂದೆಯೇ ಇಂಪಾದ ಒಂದು ಸಿಳ್ಳೆ. ಬಿಸಿನೀರಲ್ಲಿ ಮುಖ ತೊಳೆದು, ತಲೆ ಬಾಚಿ, ಘಮಘಮ ಎಂದು ಹೊರಬಂದು, “ನಂಗೆ ಇಷ್ಟು ಹೊತ್ತು ಅಗತ್ಯ ಆಯ್ತು ಸಾರ್” ಎಂದಳು. ತಾತ ಗೋಡೆಯ ಗಡಿಯಾರ ನೋಡಿ ಬರೆದುಕೊಂಡರು.

ಮೆಟ್ಟಿಲ ಮೇಲೆ ಸಾಲು ನಿಂತಿತ್ತು. ಸಾಲಿನ ಬಾಲ ಗೇಟು ದಾಟಿ ರಸ್ತೆಯಲ್ಲಿತ್ತು. ಒಬ್ಬಳು ಹೊರಬಂದು, “ಕನ್ನಡಿ ಇದ್ಯಲ್ಲ ಸಾರ್, ಅದ್ರಿಂದ ಸ್ವಲ್ಪ ಜಾಸ್ತಿ ಆಯ್ತು, ಅದನ್ನ ಕಳೆದು ಬರ್ಕೊಳ್ಳಿ” ಎಂದಳು. ಇನ್ನೊಬ್ಬಳು ಒಂದು ಸಲ ನೋಡಿದ್ದು ಸಾಕಾಗಲಿಲ್ಲವೆಂದು ಮತ್ತೆ ಸಾಲಿಗೆ ಹೋಗಿ ನಿಂತಳು. ಮಂಡಿ ನೋವಿನ ಮುದುಕಿಯೊಬ್ಬಳಿಗೆ ತಾತ ತಾವೇ ಎದ್ದು ಬಾಗಿಲು ತೆರೆದುಕೊಟ್ಟರು.

ಮೊದಮೊದಲು ಧಿಕ್ಕಾರಣ್ಣನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ‘ಸಾರಿ ಸಾರ್, ಸಾರಿ ಸಾರ್’ ಎಂದು ಸಾಹೇಬರತ್ತ ನೋಡಿ ಹಲ್ಲುಗಿಂಜುತ್ತಲೇ ಇದ್ದ. ಆಮೇಲೆ ಒಂದು ಸಂಗತಿ ಅವನ ಕಣ್ಣಿಗೆ ಬಿತ್ತು. ಸಾಹೇಬರು ಚಹಾ ಲೋಟವನ್ನು ದೂರ ಸರಿಸಿದ್ದರು. ಕಾಲ ಮೇಲೆ ಕಾಲು ಹಾಕಿದರು. ಕಾಲು ಬದಲಿಸಿದರು. ಹಣೆ ಒರೆಸಿಕೊಂಡರು. ಒಳಗೆ ನೀರು ಸುರಿವ ಸದ್ದಾದಾಗಲೆಲ್ಲ ಕಣ್ಣು ಮುಚ್ಚಿಕೊಂಡರು.

ಕೊನೆಗೆ ‘ಈಗ ಬಂದೆ’ ಎಂದು ಎದ್ದು ಸಾಹೇಬರು ನಡುಮಹಡಿಯ ಗಂಡಸರ ಶೌಚಾಲಯಕ್ಕೆ ಇಳಿದರು. ಅಲ್ಲಿ ಸಾಲಾಗಿ ಗೋಡೆಗೆ ಮುಖ ಮಾಡಿ ನಿಂತಿದ್ದ ಗುಮಾಸ್ತರು ಸಾಹೇಬರನ್ನು ಕಂಡು ಗಾಬರಿಬಿದ್ದು, ಇದ್ದ ಸ್ಥಿತಿಯಲ್ಲೇ ತಿರುಗಿ ಸಲಾಂ ಹೊಡೆದರು. ಸಾಹೇಬರಿಗೆ ಬಂದದ್ದೂ ನಿಂತುಹೋಯಿತು. ಹೋದ ಹಾಗೆಯೇ ಮೇಲೆ ಬಂದು ಕೂತರು. ಕೂತ ಕೂಡಲೇ ನಿಂತದ್ದು ಮತ್ತೆ ಬಂತು.

“ಇದೆಲ್ಲ ಬೇಕಂತ್ಲೇ ಮಾಡ್ತಿದಾರೆ! ಇದು ಬ್ಲ್ಯಾಕ್‌ಮೇಲ್!” ಎಂದು ಕಿರುಚಿದರು.

“ಅಲ್ಲ, ಇದು ಸ್ಥಳ ಪರಿಶೀಲನೆ” ಎಂದರು ತಾತ ಶಾಂತವಾಗಿ. “ಇನ್ನೊಬ್ರು ಬಾಕಿ. ಆರೋಪಿಗೂ ನೋಡೋ ಹಕ್ಕಿದೆ.”

ಅತ್ತಿಗೆ ಸೆರಗು ಬಿಗಿದು ಒಳಹೋದಳು. ಚಿಲಕ ಬಿತ್ತು. ಈ ಸಲ ನೀರಿನ ಸದ್ದೂ ಇಲ್ಲ, ಸಿಳ್ಳೆಯೂ ಇಲ್ಲ. ಎಲ್ಲರೂ ಕಾದರು. ತಾತ ಬಾಗಿಲ ಬಳಿ ಹೋಗಿ, “ಆಯ್ತೇನಮ್ಮಾ?” ಎಂದರು.

“ನೋಡ್ತಾ ಇದೀನಿ ಸಾರ್” ಎಂದಿತು ಒಳಗಿನ ದನಿ. “ಅವತ್ತು ಅವಸರದಲ್ಲಿ ಏನೂ ನೋಡಕ್ಕಾಗಿರ್ಲಿಲ್ಲ.”

ಸಾಹೇಬರು ಎದ್ದು ಬಂದು ಧಿಕ್ಕಾರಣ್ಣನ ಹೆಗಲ ಮೇಲೆ ಕೈಯಿಟ್ಟು ಮೂಲೆಗೆ ಕರೆದೊಯ್ದರು. ಆ ಕೈ ಅವನ ಹೆಗಲನ್ನು ಮುಟ್ಟಿದ್ದು ಜನ್ಮದಲ್ಲಿ ಇದೇ ಮೊದಲು. “ನೋಡಪ್ಪಾ, ನೀನು ತಿಳಿದೋನು. ತಪ್ಪಾಯ್ತು ಅಂತ ಒಂದೇ ಒಂದು ಸಾಲು ಬರ್ಕೊಡ್ಲಿ. ಅಮಾನತು, ವಿಚಾರಣೆ ಎಲ್ಲಾ ಈಗ್ಲೇ ಮುಗಿಸ್ಬಿಡ್ತೀನಿ.”

ಇದೇ ಮಾತನ್ನಲ್ಲವೇ ಅವನು ಊಟದ ಹೊತ್ತಿನಲ್ಲಿ ಅತ್ತಿಗೆಗೆ ಹೇಳಿದ್ದು! ಕೈಗೆ ಬಂದ ತುತ್ತು. ‘ಆಗ್ಲಿ ಸಾರ್’ ಎಂಬುದು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಮುಚ್ಚಿದ ಬಾಗಿಲಾಚೆ ಅವಳು ಕಿವಿಗೊಟ್ಟು ನಿಂತಿದ್ದಾಳೆಂದು ಅವನಿಗೆ ಗೊತ್ತಿತ್ತು. ಹೆದರಿಕೆಗಿಂತ ನಾಚಿಕೆ ದೊಡ್ಡದಾಯಿತು.

“ಇಲ್ಲ ಸಾರ್” ಎಂದ. ಕೂಗಲಿಲ್ಲ, ಬೆಣ್ಣೆಯೂ ಹಚ್ಚಲಿಲ್ಲ. “ಅವ್ರು ತಪ್ಪು ಮಾಡಿಲ್ಲ. ಕ್ಷಮೆ ಗಿಮೆ ಬರ್ಕೊಡಲ್ಲ. ದೂರು ವಾಪಸ್ ತಗೊಳ್ಳಿ, ಅಮಾನತು ರದ್ದು ಮಾಡಿ. ಇಲ್ಲಾಂದ್ರೆ ಕೂತ್ಕೊಳ್ಳಿ, ಅತ್ತಿಗೆ ನಿಧಾನವಾಗಿ ನೋಡ್ಲಿ.”

ಸಾಹೇಬರು ಅವನನ್ನು ನೋಡಿದರು, ಬಾಗಿಲನ್ನು ನೋಡಿದರು, ಮತ್ತೆ ಅವನನ್ನು ನೋಡಿದರು. ಆಮೇಲೆ ಗುಮಾಸ್ತನನ್ನು ಕೂಗಿ ನಿಂತಲ್ಲೇ ಆದೇಶ ಬರೆಸಿದರು. ಕೂರುವ ಸ್ಥಿತಿಯಲ್ಲಿ ಅವರಿರಲಿಲ್ಲ.

“ಜೋರಾಗಿ ಓದೋ” ಎಂದಿತು ಒಳಗಿನ ದನಿ. ಧಿಕ್ಕಾರಣ್ಣ ಬಾಗಿಲಿಗೆ ಮುಖವಿಟ್ಟು ಓದಿದ. ದೂರು ವಾಪಸ್, ಅಮಾನತು ರದ್ದು, ಈ ದಿನದಿಂದಲೇ ಕೆಲಸಕ್ಕೆ ಹಾಜರು.

“ಕೆಳಗಿನ ಬೀಗ?”

“ಪರಿಶೀಲಿಸ್...” ಎಂದು ಶುರುಮಾಡಿದ ಸಾಹೇಬರು ಹಲ್ಲುಕಚ್ಚಿ ಗೋಡೆ ಹಿಡಿದುಕೊಂಡರು. “ಬರೀರಿ! ಇವತ್ತೇ ತೆಗೀತೀವಿ ಅಂತ ಬರೀರಿ!”

“ನಲ್ಲೀಲಿ ನೀರಿರ್ಬೇಕು.”

“ನೀರಿರುತ್ತೆ ತಾಯೀ, ಸೋಪೂ ಇರುತ್ತೆ!”

ಸಹಿ ಬಿತ್ತು, ಮೊಹರು ಬಿತ್ತು, ಚಿಲಕ ತೆರೆಯಿತು. ಅತ್ತಿಗೆ ಪೂರ್ತಿ ಹೊರಬರುವ ಮೊದಲೇ ಸಾಹೇಬರು ಗಾಳಿಯಂತೆ ಒಳನುಗ್ಗಿದರು. ಕೋಣೆ, ಮೆಟ್ಟಿಲು, ಗೇಟು ಎಲ್ಲೆಲ್ಲೂ ನಗು ಹಬ್ಬಿತು. ಸಿಳ್ಳೆ ಎರಡು ಬೆರಳು ಬಾಯಿಗಿಟ್ಟು ಊರಿಗೆಲ್ಲ ಕೇಳುವಂತೆ ಊದಿದಳು. ‘ದೂರುದಾರರು ಸ್ಥಳದಲ್ಲಿದ್ದಾರೆ’ ಎಂದು ಕೊನೆಯ ಸಾಲು ಬರೆದು ರೂಲ್ಸ್ ತಾತ ಲೇಖನಿ ಮುಚ್ಚಿದರು.

ಅತ್ತಿಗೆ ಮಾತ್ರ ನಗಲಿಲ್ಲ. ಸಾಹೇಬರ ಮೇಜಿನ ಮುಂದಿನ ಕುರ್ಚಿಯಲ್ಲಿ ಕೂತು ಅಲ್ಲಿದ್ದ ನೀರಿನ ಜಗ್ಗನ್ನೇ ನೋಡುತ್ತಿದ್ದಳು.

“ಒಂದು ಲೋಟ ನೀರು ಕೊಡೋ” ಎಂದಳು. “ಡ್ಯೂಟಿ ಮೇಲಿದ್ದಾಗ ನಾನು ಯಾವತ್ತೂ ನೀರು ಕುಡಿದೋಳಲ್ಲ.”

“ಯಾಕೆ ಅತ್ತಿಗೆ?”

“ಯಾಕೆ ಅಂದ್ರೆ? ಕುಡಿದ್ರೆ ಹೋಗೋದೆಲ್ಲಿಗೆ? ಎಂಥ ಬಿಸಿಲಿದ್ರೂ ಅಷ್ಟೇ. ನಮ್ಮಲ್ಲಿ ಯಾರೂ ಕುಡಿಯಲ್ಲ ಕಣೋ.”

ಧಿಕ್ಕಾರಣ್ಣ ಸುತ್ತ ನಿಂತ ಹೆಂಗಸರ ಮುಖ ನೋಡಿದ. ಒಬ್ಬೊಬ್ಬರೂ ಹೌದೆಂದು ತಲೆಯಾಡಿಸಿದರು. ಪ್ರತಿ ವರ್ಷ ಆ ಬೀಗದ ವಿಷಯವನ್ನು ಬೇಡಿಕೆಯಲ್ಲಿ ಸೇರಿಸಿದ್ದವನು ಅವನೇ. ಒಂದೇ ಮನೆಯಲ್ಲಿ ಅವಳ ಕೈಯಡುಗೆ ಉಣ್ಣುತ್ತ ಬೆಳೆದವನೂ ಅವನೇ. ಅವನಿಗೆ ಇದು ಗೊತ್ತಿರಲಿಲ್ಲ, ಅವನು ಕೇಳಿಯೂ ಇರಲಿಲ್ಲ. ಲೋಟ ತುಂಬಿಸಿ ಅವಳ ಕೈಗಿಟ್ಟ.

ಅತ್ತಿಗೆ ಲೋಟವನ್ನು ಎತ್ತಿ ಗಟಗಟನೆ ಕುಡಿದಳು, ಬಾಯಿ ಒರೆಸಿಕೊಂಡು ಇನ್ನೊಂದು ಲೋಟ ಕೇಳಿದಳು. ಆಮೇಲೆ ಸಿಳ್ಳೆ ಕೈಚಾಚಿದಳು, ಅವಳ ಹಿಂದೆ ಮಂಡಿ ನೋವಿನ ಮುದುಕಿ, ಅವಳ ಹಿಂದೆ ಮೆಟ್ಟಿಲುದ್ದಕ್ಕೂ ಉಳಿದವರು. ಜಗ್ಗು ಬಾಗಿಲು ದಾಟುವ ಮೊದಲೇ ಬರಿದಾಯಿತು. ಧಿಕ್ಕಾರಣ್ಣ ಅದನ್ನೆತ್ತಿಕೊಂಡು ತುಂಬಿಸಿ ತರಲು ಕೆಳಗೆ ಓಡಿದ.