ಮುಖ ತೊಳೆಯುವ ಮುನ್ನ

ಆ ಮನೆಯ ಹುಟ್ಟುಹಬ್ಬಗಳೆಲ್ಲ ಒಂದೇ ವಾರದಲ್ಲಿ ಒತ್ತೊತ್ತಾಗಿ ಕೂತಿದ್ದವು, ಮೂವರ ಸೀಟಿನಲ್ಲಿ ನಾಲ್ವರು ಕೂತ ಹಾಗೆ. ಸೋಮವಾರ ಅಪ್ಪನದು, ಬುಧವಾರ ಗುಂಡನದು, ಶುಕ್ರವಾರ ಅಜ್ಜಿಯದು, ಭಾನುವಾರ ಚಿಟ್ಟಿಯದು. ಬೇರೆ ತಿಂಗಳಲ್ಲಿ ಹುಟ್ಟಿದವಳೆಂದರೆ ಸೊಸೆಯೊಬ್ಬಳೇ.

“ಎಲ್ರೂ ಒಟ್ಟಿಗೇ ಹುಟ್ಟಿಬಿಟ್ರೆ ಕೇಕ್ ಮಾಡೋರು ಯಾರು? ಅದಕ್ಕೇ ನಿನ್ನ ಬೇರೆ ಇಟ್ಟಿದ್ದಾನೆ ದೇವ್ರು” ಅನ್ನುತ್ತಿದ್ದರು ಅತ್ತೆ.

ಮಕ್ಕಳ ಅಜ್ಜಿಯಾದ ಈ ಅತ್ತೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಿವೃತ್ತಿಯಾಗಿ ವರ್ಷಗಳಾಗಿದ್ದರೂ ದನಿ ಮಾತ್ರ ಇನ್ನೂ ಡ್ಯೂಟಿಯಲ್ಲಿತ್ತು. ಅವರ ಮಗ, ಅಂದರೆ ಅವಳ ಗಂಡ, ಲಿಫ್ಟ್ ರಿಪೇರಿ ಮಾಡುವವನು. ಅವಳು ಬೀದಿಯ ಮೂಲೆಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ಬೀದಿಯವರ ಬಾಯಲ್ಲಿ ಕನ್ನಡಕದಕ್ಕ. ಐದು ತುಂಬಲಿರುವ ಚಿಟ್ಟಿ, ಒಂದು ತುಂಬಲಿರುವ ಗುಂಡ ಅವಳ ಮಕ್ಕಳು. ಗುಂಡ ಈಚೆಗೆ ಒಂದೇ ಕಾಲಿನ ಸಾಕ್ಸ್ ಕಿತ್ತು ಎಸೆಯುವುದನ್ನು ಕಲಿತಿದ್ದ. ಇನ್ನೊಂದು ಕಾಲಿನದರ ಮೇಲೆ ಅವನಿಗೆ ಏನೂ ದ್ವೇಷವಿರಲಿಲ್ಲ.

ಆ ಮನೆಗೆ ಅದರದೇ ಒಂದು ಪದ್ಧತಿ. ಹುಟ್ಟಿದ ದಿನ ಬೆಳಿಗ್ಗೆ ಎದ್ದವರು ಎದ್ದ ಹಾಗೆಯೇ ಅಡುಗೆಮನೆಗೆ ಬಂದು ಮುಕ್ಕಾಲಿಯ ಮೇಲೆ ಕೂರಬೇಕು. ಮುಖ ತೊಳೆಯುವಂತಿಲ್ಲ. “ಯಾರಾದ್ರೂ ಮುಖ ತೊಳ್ಕೊಂಡು ಹುಟ್ತಾರಾ?” ಎಂದು ಅಜ್ಜಿಯ ಪ್ರಶ್ನೆ. ಆಮೇಲೆ, ಅವರು ಹುಟ್ಟಿದಾಗ ಅಲ್ಲಿದ್ದವರು ಆ ಕಥೆಯನ್ನು ಹೇಳಬೇಕು. ಅಲ್ಲಿದ್ದವರೇ ಹೇಳಬೇಕು, ಕೇಳಿದವರು ಹೇಳುವ ಹಾಗಿಲ್ಲ. ಈ ಎರಡನೆಯ ನಿಯಮದಲ್ಲಿ ಅಜ್ಜಿ ಯಾರಿಗೂ ರಿಯಾಯಿತಿ ಕೊಟ್ಟವರಲ್ಲ.

ಸೋಮವಾರ ಗಂಡ ಕಣ್ಣುಜ್ಜುತ್ತ ಬಂದು ಕೂತ. ತಲೆಗೂದಲು ಕಾಗೆ ಗೂಡು, ಕೆನ್ನೆಯ ಮೇಲೆ ದಿಂಬಿನ ಗೆರೆ.

“ಎಲ್ಲ ಮಕ್ಳೂ ಅಳ್ತಾ ಹುಟ್ಟಿದ್ರೆ ಇವನು ಸೀನ್ತಾ ಹುಟ್ಟಿದ” ಎಂದು ಅಜ್ಜಿ ಶುರುಮಾಡಿದರು. “ಒಂದಲ್ಲ, ಎರಡು ಸಲ. ಡಾಕ್ಟರು ‘ಅಯ್ಯೋ, ನೆಗಡಿ ತಗೊಂಡೇ ಬಂದಿದ್ದಾನಲ್ಲಮ್ಮ’ ಅಂದ್ರು. ನನ್ನ ಎದೆ ಮೇಲೆ ಹಾಕಿದ್ರು. ಇಷ್ಟೇ ಇಷ್ಟು. ಬಿಸಿ ಬನ್ನಿನ ಹಾಗಿದ್ದ. ಕಣ್ಣು ಬಿಟ್ಟು ನನ್ನನ್ನೇ ನೋಡ್ದ, ‘ಯಾರಮ್ಮ ನೀನು, ಎಲ್ಲೋ ನೋಡಿದ ಹಾಗಿದೆಯಲ್ಲ’ ಅನ್ನೋ ಹಾಗೆ.”

ವರ್ಷಾ ವರ್ಷಾ ಅದೇ ಕಥೆ, ಅದೇ ಬನ್ನು. ಆದರೂ ಪ್ರತಿ ಸಲ ಈ ಗಳಿಗೆಯಲ್ಲಿ ಸೊಸೆಗೆ ಮೈ ಜುಮ್ಮೆನ್ನುತ್ತಿತ್ತು. ಎಣ್ಣೆ ಜಿಡ್ಡಿನ ಉಗುರು, ನರೆತ ಮೀಸೆಯ ಈ ದೊಡ್ಡ ಗಂಡಸು ಅಮ್ಮನ ಮಾತು ಕೇಳುತ್ತ ಕೇಳುತ್ತ ಮುಕ್ಕಾಲಿಯ ಮೇಲೆಯೇ ಸಣ್ಣವನಾಗುತ್ತ ಹೋಗುವುದು, ಕೊನೆಗೆ ಬಾಯಿ ತುಸು ತೆರೆದು ಶುದ್ಧ ಕೂಸಿನ ಹಾಗೆ ನೋಡುವುದು.

“ಅಜ್ಜೀ, ಭಾನುವಾರ ನನ್ದು ಯಾರು ಹೇಳ್ತಾರೆ?” ಎಂದಳು ಚಿಟ್ಟಿ.

“ನಾನೇ ಕಣೇ. ನೀನು ಅಪ್ಪನ ತೋಳಲ್ಲಿ, ಹಳದಿ ಲಂಗ ಹಾಕ್ಕೊಂಡು, ನನ್ನ ಬಸ್ಸಿಗೇ ಹತ್ತಿದ್ದು...”

“ಅದು ನಾನು ಬಂದಿದ್ದು. ಅದು ಗೊತ್ತು. ನಾನು ಹುಟ್ಟಿದ್ದು ಬೇಕು.”

ಸೊಸೆಯ ಕೈಯ ಸೌಟು ಪಾತ್ರೆಯ ಅಂಚಿಗೆ ಬಡಿದು ನಿಂತಿತು.

ಚಿಟ್ಟಿ ಆ ಮನೆಗೆ ಬಂದಾಗ ಅವಳಿಗೆ ಹನ್ನೊಂದು ತಿಂಗಳು. ಮಕ್ಕಳಾಗುವುದಿಲ್ಲವೆಂದು ಡಾಕ್ಟರುಗಳೆಲ್ಲ ಕೈಚೆಲ್ಲಿದ ಮೇಲೆ ಅನಾಥಾಲಯದಿಂದ ತಂದ ಮಗು. ಗುಂಡ ಆಮೇಲೆ, ಯಾರೂ ಕರೆಯದೆ, ತಾನೇ ಬಂದವನು. ಚಿಟ್ಟಿಯಿಂದ ಅವರು ಯಾವುದನ್ನೂ ಮುಚ್ಚಿಟ್ಟಿರಲಿಲ್ಲ. ಆದರೆ ಮಗುವಿನ ಜೊತೆ ಸಿಕ್ಕಿದ್ದು ಒಂದು ಹಳದಿ ಲಂಗ, ಹುಟ್ಟಿದ ದಿನ, ಅಷ್ಟೇ. ಆ ದಿನ ಇದೇ ವಾರದಲ್ಲಿ ಬೀಳುತ್ತದೆಂದು ತಿಳಿದಾಗ ಅಜ್ಜಿ “ನೋಡಿದ್ರಾ, ಇವಳು ನಮ್ಮ ರೂಟಿನ ಬಸ್ಸೇ” ಎಂದು ತೊಡೆ ತಟ್ಟಿ ನಕ್ಕಿದ್ದರು. ಉಳಿದದ್ದು ಯಾರಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಬಸ್ಸು ಹತ್ತಿ ಬಂದ ಕಥೆಯಲ್ಲೇ ಸರಿಹೋಗಿತ್ತು. ಈಗ ಮಗು ಬೆಳೆದಿತ್ತು.

ಮಾರನೆಯ ದಿನ ಗುಂಡನಿಗೆ ಸ್ನಾನ ಮಾಡಿಸುತ್ತಿದ್ದಾಗ ಅವಳು ಮೆಲ್ಲಗೆ ಕೇಳಿದಳು. “ಅತ್ತೆ, ಏನಾದ್ರೂ ಒಂದು ಹೇಳಿಬಿಡಿ. ಆಸ್ಪತ್ರೆ, ಬೆಳಗಿನ ಹೊತ್ತು, ನರ್ಸಮ್ಮ ನಕ್ಕಿದ್ದು. ನಿಮ್ಮ ಬಾಯಲ್ಲಿ ಬಂದ್ರೆ ನಂಬ್ತಾಳೆ.”

ಅತ್ತೆ ಗುಂಡನ ಕತ್ತಿನ ಮಡಿಕೆಯಲ್ಲಿ ಅಂಟಿದ್ದ ಬಿಸ್ಕತ್ತಿನ ಪುಡಿಯನ್ನು ಉಜ್ಜುತ್ತಲೇ ಇದ್ದರು.

“ಬಸ್ಸೇ ಹತ್ತದವರಿಗೆ ಟಿಕೆಟ್ ಹರಿಯೋಳಲ್ಲ ನಾನು.”

“ಅವಳಿಗೋಸ್ಕರ ಅತ್ತೆ.”

“ಅವಳಿಗೋಸ್ಕರಾನೇ ಹೇಳ್ತಿರೋದು. ದೊಡ್ಡೋಳಾದ ಮೇಲೆ ‘ಅಜ್ಜಿ ಸುಳ್ಳು ಹೇಳಿದ್ಲು’ ಅಂತ ಗೊತ್ತಾದ್ರೆ, ಬಸ್ಸಲ್ಲಿ ಬಂದಿದ್ದೂ ಸುಳ್ಳಾಗಿಬಿಡುತ್ತೆ ಕಣೇ. ಆ ಟವಲ್ ಕೊಡು, ಇವನು ನೆನೆದ ಇಲಿ ಆಗ್ತಿದ್ದಾನೆ.”

ಬುಧವಾರ ಗುಂಡ ಮುಕ್ಕಾಲಿಯ ಮೇಲೆ ಕೂರಲು ಒಪ್ಪಲಿಲ್ಲ. ಹಲ್ಲು ಬರುತ್ತಿತ್ತು, ಮೈ ಬೆಚ್ಚಗಿತ್ತು, ಹಿಂದಿನ ರಾತ್ರಿಯಿಂದ ಯಾರ ತೋಳಿನಿಂದಲೂ ಇಳಿದಿರಲಿಲ್ಲ. ಕೊನೆಗೆ ಅವಳೇ ಅವನನ್ನು ಮಡಿಲಲ್ಲಿಟ್ಟುಕೊಂಡು ಮುಕ್ಕಾಲಿಯ ಮೇಲೆ ಕೂತು, ಅವನ ನೆತ್ತಿಗೆ ಕಥೆ ಹೇಳಿದಳು. ಆಸ್ಪತ್ರೆಯ ಲಿಫ್ಟು ಕೆಟ್ಟದ್ದು, ಒಳಗೆ ಸಿಕ್ಕಿಕೊಂಡವರಲ್ಲಿ ಲಿಫ್ಟ್ ರಿಪೇರಿಯವನೇ ಇದ್ದದ್ದು. ಅವನು ಕೀಲೆಣ್ಣೆಯ ಕೈ ಎತ್ತಿಕೊಂಡು ಓಡಿ ಬರುವಷ್ಟರಲ್ಲಿ ಗುಂಡ ಆಗಲೇ ಲೋಕಕ್ಕೆ ಬಂದು ಮುಷ್ಟಿ ಕಟ್ಟಿ ಮಲಗಿದ್ದು.

“ನೀನು ಕಿರುಚಿದ್ಯಾ ಅಮ್ಮ?”

“ಬೀದಿಗೆಲ್ಲ ಕೇಳೋ ಹಾಗೆ.”

ಚಿಟ್ಟಿ ಹತ್ತಿರ ಬಂದು ತಮ್ಮನ ಬರಿಗಾಲನ್ನು ಹಿಡಿದುಕೊಂಡಳು. “ನಾನು ಹುಟ್ಟುವಾಗ ಯಾರು ಕಿರುಚಿದ್ರು?”

ಗಂಡ ಕೆಮ್ಮಿದ. ಅಜ್ಜಿ ಒಲೆಯ ಕಡೆ ತಿರುಗಿದರು. ಅವಳು “ಭಾನುವಾರ ಚಿಟ್ಟಿ, ಭಾನುವಾರ ಹೇಳ್ತೀನಿ” ಎಂದಳು. ಮಾತು ಬಾಯಿ ದಾಟಿದ ಮೇಲೆಯೇ, ತಾನು ಹೇಳುತ್ತೇನೆಂದು ಮಾತು ಕೊಟ್ಟಾಯಿತೆಂಬುದು ಅವಳಿಗೆ ಹೊಳೆದದ್ದು.

ಗುರುವಾರ ಅಂಗಡಿಯಲ್ಲಿ ಆ ಕಥೆಯನ್ನು ಕಟ್ಟತೊಡಗಿದಳು. ಗಾಜಿನ ನಡುವೆ ಗುರುತಿನ ಚುಕ್ಕೆ ಇಟ್ಟು, ಅಂಚು ಉಜ್ಜುತ್ತ, ಒಳಗೊಳಗೇ ಒಂದು ಮುಂಜಾವವನ್ನೂ ಉಜ್ಜಿ ನಯಮಾಡಿದಳು. ಕಿಟಕಿಯಲ್ಲಿ ಸೂರ್ಯ, ಬಿಳಿ ಹಾಸಿಗೆ, ಯಾವುದೋ ಹಕ್ಕಿ. ಕಥೆ ಚೆನ್ನಾಗಿಯೇ ಬರುತ್ತಿತ್ತು. ಕೈಕೆಲಸ ಕಲಿತವಳಿಗೆ ಸುಳ್ಳಿನ ಅಂಚೂ ನುಣ್ಣಗೆ ಬರುತ್ತದೆ.

ಮಧ್ಯಾಹ್ನ ಒಬ್ಬಾಕೆ ಪುಟ್ಟ ಮಗನನ್ನು ಕರೆದುಕೊಂಡು ಬಂದಳು. ಮಗುವಿನ ಮೊದಲ ಕನ್ನಡಕ. ಗಾಜು ಬೆರಳು ದಪ್ಪ. ಕನ್ನಡಕದಕ್ಕ ಫ್ರೇಮಿನ ಕಡ್ಡಿಗೆ ಬಿಸಿಗಾಳಿ ಹಿಡಿದು, ಬಗ್ಗಿಸಿ, ಕಿವಿಯ ಹಿಂದೆ ಕೂರಿಸಿದಳು. ಮಗು ಅಲ್ಲಾಡಲಿಲ್ಲ. ಬಾಗಿಲಾಚೆಯ ಮರವನ್ನು ನೋಡಿತು, ತನ್ನ ಅಂಗೈಯನ್ನು ನೋಡಿತು, ಕೊನೆಗೆ ತಲೆಯೆತ್ತಿ ಅಮ್ಮನ ಮುಖವನ್ನು ನೋಡಿ ನಿಧಾನವಾಗಿ ಒಂದು ಬೆರಳಿಂದ ಅವಳ ಕೆನ್ನೆ ಮುಟ್ಟಿತು.

“ಇಲ್ಲೊಂದು ಮಚ್ಚೆ ಇದೆ” ಎಂದಿತು.

ಆ ತಾಯಿ ಅಲ್ಲೇ ಕೌಂಟರಿಗೆ ಒರಗಿ ಅತ್ತುಬಿಟ್ಟಳು. ಎಷ್ಟು ಮಕ್ಕಳಿಗೆ ಕನ್ನಡಕ ತೊಡಿಸಿದ್ದಳೋ ಕನ್ನಡಕದಕ್ಕನಿಗೆ ಲೆಕ್ಕವಿಲ್ಲ. ಆದರೂ ಆ ಗಳಿಗೆಯಲ್ಲಿ ಪ್ರತಿ ಸಲ ಅವಳ ಕೈ ತಾನಾಗಿಯೇ ಹಿಂದೆ ಸರಿಯುತ್ತಿತ್ತು, ಮುಟ್ಟಬಾರದ್ದನ್ನು ಮುಟ್ಟಿಬಿಟ್ಟೇನೆಂಬ ಹಾಗೆ. ಅಂದು ಇನ್ನೊಂದೂ ತೋಚಿತು. ಚಿಟ್ಟಿಯ ಕಣ್ಣು ಮೊದಲು ತೆರೆದಾಗ ಎದುರಿಗಿದ್ದ ಮುಖ ಯಾವುದು? ಅದರಲ್ಲೂ ಒಂದು ಮಚ್ಚೆ ಇತ್ತೇನೋ. ಎಲ್ಲೋ ಅವಳನ್ನು ಹೆತ್ತವಳು ಈ ವಾರ ತಾರೀಖು ನೋಡಿಕೊಂಡು ಸುಮ್ಮನೆ ಓಡಾಡುತ್ತಿರಬಹುದು. ತಾನು ಕಟ್ಟುತ್ತಿರುವ ಮುಂಜಾವದಲ್ಲಿ ಸೂರ್ಯನಿದ್ದ, ಹಕ್ಕಿಯಿತ್ತು. ಆ ಹೆಂಗಸಿಗೆ ಮಾತ್ರ ಜಾಗವಿರಲಿಲ್ಲ. ತನ್ನ ಬಗ್ಗೆ ತನಗೇ ನಾಚಿಕೆಯಾಯಿತು. ಹಾಗೆಂದು ಕಥೆಯನ್ನು ಬಿಸಾಡಲೂ ಧೈರ್ಯ ಬರಲಿಲ್ಲ. ಐದು ವರ್ಷದ ಮಗುವಿಗೆ ಬರಿಗೈ ತೋರಿಸುವುದು ಹೇಗೆ?

ಶುಕ್ರವಾರ ಅಜ್ಜಿಯ ಸರದಿ. ಪ್ರತಿ ವರ್ಷ ಅವರ ಅಕ್ಕ ಬಂದು ಕಥೆ ಹೇಳುತ್ತಿದ್ದರು. ಆ ಅಕ್ಕ ಕಳೆದ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಅಜ್ಜಿ ಕೆದರಿದ ಬಿಳಿ ಜಡೆಯಲ್ಲೇ ಬಂದು ಮುಕ್ಕಾಲಿಯ ಮೇಲೆ ಕೂತರು. ಒಲೆಯ ಮೇಲೆ ಕೆಟಲ್ ಗೊರಗೊರ ಅನ್ನುತ್ತಿತ್ತು.

“ಈ ಸಲ ನಿಮ್ಮದು ಬಿಟ್ಬಿಡೋಣ್ವಾ ಅಮ್ಮ?” ಎಂದ ಮಗ, ಮೆತ್ತಗೆ.

“ಯಾಕೋ ಬಿಡೋದು? ನಾನೇ ಹೇಳ್ತೀನಿ.”

“ಅಲ್ಲಿದ್ದವರೇ ಹೇಳ್ಬೇಕು ಅಂತ ನೀವೇ...”

“ನಾನಿರ್ಲಿಲ್ವೇನೋ? ನಾನಿಲ್ದೇನೇ ನಾನು ಹುಟ್ಟಿಬಿಟ್ನಾ, ದಡ್ಡ ಮುಂಡೇದೆ!”

ಗಂಡ ಪಕ್ಕೆ ಹಿಡಿದುಕೊಂಡು ನಕ್ಕ. ಗುಂಡನೂ ಏಕೆಂದು ತಿಳಿಯದೆ ನಕ್ಕ. ಅಜ್ಜಿ, ತಾನು ಹುಟ್ಟಿದಾಗ ಭಾರೀ ಚಳಿಯಿತ್ತೆಂದೂ, ಒಳಗೇ ಬೆಚ್ಚಗಿರ್ತೀನಿ ಎಂದು ಹಟ ಹಿಡಿದೆನೆಂದೂ, ಕೊನೆಗೆ ಯಾರೋ ಸೀಟು ಖಾಲಿ ಮಾಡಿಸಿದರೆಂದೂ ಹೇಳಿದರು. ಹೇಳುತ್ತ ಹೇಳುತ್ತ, “ನಮ್ಮಕ್ಕ ನನ್ನ ಕಾಲು ಎಣಿಸಿದ್ಲು” ಎಂದು ನಿಲ್ಲಿಸಿ, ಸೆರಗಿನಿಂದ ಮೂಗು ಒರೆಸಿಕೊಂಡರು. ಚಿಟ್ಟಿ ಮಾತ್ರ ನಕ್ಕಿರಲಿಲ್ಲ. ಅಜ್ಜಿಯ ಬಾಯನ್ನೇ ನೋಡುತ್ತ, ಏನನ್ನೋ ಗಂಟು ಕಟ್ಟಿಟ್ಟುಕೊಳ್ಳುವವಳ ಹಾಗೆ ನಿಂತಿದ್ದಳು.

ಶನಿವಾರ ಪೂರ್ತಿ ಕೇಕು, ಬಲೂನು, ಗುಂಡನ ಭೇದಿ. ಮೊದಲ ಕೇಕು ತಳ ಹಿಡಿದು ಇದ್ದಿಲಾಯಿತು; “ಕಪ್ಪಗಿದ್ರೇನು, ಚಾಕಲೇಟ್ ಅನ್ಕೊಳ್ಳಿ” ಎಂದ ಗಂಡನಿಗೆ ಅಮ್ಮನೂ ಹೆಂಡತಿಯೂ ಒಟ್ಟಿಗೆ ಸೌಟು ತೋರಿಸಿದರು. ಎರಡನೆಯದು ಉಬ್ಬಿತು. ಅಷ್ಟೆಲ್ಲದರ ನಡುವೆ ಅವಳು ಒಳಗೊಳಗೇ ಆ ಮುಂಜಾವವನ್ನು ಉರು ಹೊಡೆಯುತ್ತಿದ್ದಳು. ಒಮ್ಮೆ ಬೇಕು, ಒಮ್ಮೆ ಬೇಡ.

ಭಾನುವಾರ ಚಿಟ್ಟಿ ಎಲ್ಲರಿಗಿಂತ ಮೊದಲು ಎದ್ದಿದ್ದಳು. ಅಮ್ಮ ಅಡುಗೆಮನೆಗೆ ಬಂದಾಗ ಮಗಳು ಆಗಲೇ ಮುಕ್ಕಾಲಿಯೇರಿ, ನೆಲಕ್ಕೆ ಎಟುಕದ ಕಾಲುಗಳನ್ನು ಜೋಡಿಸಿಕೊಂಡು ಕೂತಿದ್ದಳು. ಕಣ್ಣಲ್ಲಿ ಪಿಸುರು, ಬಾಯಿಯ ಮೂಲೆಯಲ್ಲಿ ಜೊಲ್ಲಿನ ಗೆರೆ. ಅಜ್ಜಿ ಗುಂಡನನ್ನು ಸೊಂಟದ ಮೇಲಿಟ್ಟುಕೊಂಡು ಬಂದರು. ಗಂಡ ಬಾಗಿಲಿಗೆ ಒರಗಿದ.

“ಹೇಳಮ್ಮ” ಎಂದಳು ಚಿಟ್ಟಿ.

“ಆವತ್ತು ಬೆಳಿಗ್ಗೆ...” ಎಂದು ಅವಳು ಶುರುಮಾಡಿದಳು. “ಆವತ್ತು ಬೆಳಿಗ್ಗೆ, ಕಿಟಕಿಯಲ್ಲಿ...”

ಚಿಟ್ಟಿ ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದಳು, ಮೊದಲ ಸಲ ಕನ್ನಡಕ ತೊಟ್ಟವರ ಹಾಗೆ. ಆ ನೋಟಕ್ಕೆ ಎಲ್ಲವೂ ಕಾಣುವಂತಿತ್ತು. ಸೂರ್ಯ, ಹಕ್ಕಿ, ಬಿಳಿ ಹಾಸಿಗೆ ಎಲ್ಲವೂ ಅವಳ ನಾಲಗೆಯ ತುದಿಯಲ್ಲೇ ಕರಗಿಹೋದವು.

ಅವಳು ನೆಲದ ಮೇಲೆ, ಮಗಳ ಪಾದಗಳ ಹತ್ತಿರ ಕೂತಳು.

“ನಂಗೆ ಗೊತ್ತಿಲ್ಲ ಚಿಟ್ಟಿ. ನಾನು ಅಲ್ಲಿರ್ಲಿಲ್ಲ. ಅಪ್ಪ ಇರ್ಲಿಲ್ಲ. ಅಜ್ಜೀನೂ ಇರ್ಲಿಲ್ಲ.”

ಗುಂಡ ಒಂದು ಸಾಕ್ಸ್ ಎಸೆದ.

“ಮತ್ತೆ ಯಾರಿದ್ರು?”

“ನಿನ್ನ ಹೆತ್ತ ಒಬ್ಬ ಅಮ್ಮ ಇದ್ಲು. ಅವಳು ಕಿರುಚಿರ್ತಾಳೆ. ನಿನ್ನ ನೋಡಿರ್ತಾಳೆ. ಅವಳು ಯಾರು, ಎಲ್ಲಿದ್ದಾಳೆ, ನಂಗೆ ಗೊತ್ತಿಲ್ಲ. ಅವಳು ಬಂದು ಹೇಳೋ ಹಾಗಿಲ್ಲ ಪುಟ್ಟ. ಬೇರೆ ಯಾರಿದ್ರೋ ನಂಗೆ ತಿಳೀದು.”

ಮಗು ಅಳುತ್ತದೆಂದು ಅವಳು ಎರಡೂ ಕೈ ಚಾಚಿ ಕಾದಳು. ಚಿಟ್ಟಿ ಅಳಲಿಲ್ಲ. ಹುಬ್ಬು ಗಂಟಿಕ್ಕಿ, ಅಂಗಡಿಯಲ್ಲಿ ಎರಡು ಫ್ರೇಮು ಹೋಲಿಸಿ ನೋಡುವವರ ಹಾಗೆ ಯೋಚಿಸಿದಳು. ಆಮೇಲೆ ಅಜ್ಜಿಯ ಕಡೆ ತಿರುಗಿದಳು.

“ಅಜ್ಜೀ, ನಾನಿದ್ನಲ್ಲ?”

ಅಜ್ಜಿ ಗುಂಡನನ್ನು ಸೊಂಟದ ಇನ್ನೊಂದು ಬದಿಗೆ ಬದಲಿಸಿಕೊಂಡರು.

“ನಾನಿಲ್ದೇ ನಾನು ಹುಟ್ಟಿಬಿಟ್ನಾ?” ಎಂದು ಚಿಟ್ಟಿ ಒತ್ತಿ ಕೇಳಿದಳು. “ನಾನೇ ಹೇಳ್ಬಹುದಾ?”

“ರೈಟ್” ಎಂದರು ಅಜ್ಜಿ, ಒಡೆದ ದನಿಯಲ್ಲಿ. “ಹೋಗ್ಲಿ, ರೈಟ್.”

ಚಿಟ್ಟಿ ಕಣ್ಣು ಮುಚ್ಚಿಕೊಂಡಳು.

“ಮೊದ್ಲು ಏನೂ ಕಾಣ್ತಿರ್ಲಿಲ್ಲ. ಡುಬು ಡುಬು ಅಂತಿತ್ತು. ದೊಡ್ಡ ಡುಬು ಡುಬು. ಗುಂಡ ನಿನ್ನ ಹೊಟ್ಟೇಲಿ ಇದ್ದಾಗ ನಾನು ಕಿವಿ ಇಟ್ಟು ಕೇಳಿದ್ನಲ್ಲ, ಹಾಗೇ. ಆದ್ರೆ ನಾನು ಒಳಗಿದ್ದೆ. ಆಮೇಲೆ ತುಂಬ ಬೆಳಕು ಬಂತು, ನಂಗಿಷ್ಟ ಆಗ್ಲಿಲ್ಲ. ಆಮೇಲೆ ಆ ಅಮ್ಮ ನನ್ನ ನೋಡಿದ್ಲು. ಅವಳ ಡುಬು ಡುಬು ನಂಗೆ ಗೊತ್ತಿತ್ತು, ಮುಖ ಗೊತ್ತಿರ್ಲಿಲ್ಲ. ಅವಳು ಕಾಲು ಎಣಿಸಿದ್ಲು. ಎರಡಿತ್ತು. ಆಮೇಲೆ ನಾನು ಬಸ್ ಹತ್ತಿದೆ.”

“ಟಿಕೆಟ್ ತಗೊಂಡ್ಯಾ?” ಎಂದರು ಅಜ್ಜಿ. ಕಣ್ಣಿಂದ ನೀರು ಹರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

“ಚಿಕ್ಕೋರಿಗೆ ಟಿಕೆಟ್ ಇಲ್ಲ ಅಜ್ಜೀ. ನಿಂಗಷ್ಟೂ ಗೊತ್ತಿಲ್ವಾ?”

ಗಂಡ ನಗಲು ಹೋಗಿ ಮುಖ ಗೋಡೆಗೆ ತಿರುಗಿಸಿಕೊಂಡ. ಅವಳು ನೆಲದಿಂದ ಏಳಲಿಲ್ಲ. ಇಷ್ಟು ವರ್ಷ ಈ ಮಗುವಿನ ಪ್ರತಿ ಹಲ್ಲು, ಪ್ರತಿ ಜ್ವರ, ಪ್ರತಿ ಹಟ ತನಗೆ ಗೊತ್ತೆಂದುಕೊಂಡಿದ್ದಳು. ತಾವು ಯಾರೂ ಕಾಲಿಡದ ಒಂದು ಇಡೀ ದಿನವನ್ನು ಹೊತ್ತುಕೊಂಡೇ ಇವಳು ತಮ್ಮ ಹೊಸಿಲು ದಾಟಿ ಬಂದಿದ್ದಳಲ್ಲ. ಡುಬು ಡುಬು ಎಂಬ ಆ ಒಂದು ಎದೆಯನ್ನು ಒಳಗಿನಿಂದ ಕೇಳಿದವಳು ಲೋಕದಲ್ಲಿ ಇವಳೊಬ್ಬಳೇ. ಎದುರಿಗೆ ಮುಕ್ಕಾಲಿಯ ಮೇಲೆ ಕೂತಿದ್ದ ಆ ಸಣ್ಣ ಮೈಯನ್ನು, ಮೊಣಕಾಲಿನ ಗಾಯದ ಹಕ್ಕಳೆಯನ್ನು, ಕೆದರಿದ ಕೂದಲನ್ನು ಅವಳು ತಲೆಯೆತ್ತಿ ನೋಡಿದಳು. ಬೆಟ್ಟದ ಬುಡದಲ್ಲಿ ನಿಂತವರು ನೋಡುವ ಹಾಗೆ ನೋಡಿದಳು.

ಎಷ್ಟೋ ಹೊತ್ತಿನ ಮೇಲೆ ಎದ್ದು, ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ ತಂದಳು.

“ಮುಖ ತೊಳೀಲಾ?”

“ಬೇಡಮ್ಮ” ಎಂದಳು ಚಿಟ್ಟಿ, ಕಾಲು ಆಡಿಸುತ್ತ. “ಇನ್ನೂ ಸ್ವಲ್ಪ ಹೊತ್ತು ಹುಟ್ತಾ ಇರ್ತೀನಿ.”

ಅವಳು ಬಿಸಿಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕಾದಳು.